‘ಮೊದಲೇ ಹರಿದಿತ್ತು ಮೇಡಂ’

ಓದುಗರ ಪತ್ರ: ಮಾನ್ಯ ಸಂಪಾದಕರೇ, ಕಾರನ್ನು ಸರ್ವಿಸ್‌ಗೆ ಬಿಟ್ಟಿದ್ದೆ. ವಾಪಸ್ ತಂದು ನೋಡಿದರೆ ಡ್ರೈವರ್ ಸೀಟಿನ ಒರಗುವ ಭಾಗದಲ್ಲಿ, ಬಾಗಿಲ ಕಡೆಯ ಅಂಚಿಗೆ, ಹೆಬ್ಬೆರಳುದ್ದ ಲೆದರ್ ಹರಿದಿದೆ. ತಲೆಯ ಮೇಲಿನ ರೂಫ್ ಬಟ್ಟೆಗೆ ಗ್ರೀಸ್ ಬೆರಳಿನ ಗುರುತು. ಅದನ್ನು ಯಾರೋ ಏನೋ ಹಾಕಿ ಉಜ್ಜಿ, ಅಲ್ಲೊಂದು ಬಿಳಿಚಿದ ಕಲೆ ಮಾಡಿಟ್ಟಿದ್ದಾರೆ. ಕೇಳಿದರೆ ‘ಮೊದಲೇ ಹರಿದಿತ್ತು ಮೇಡಂ’ ಅಂದರು. ಎರಡನೇ ಸಲ ಹೋದಾಗ ‘ಬಿಡಿ, ಫ್ರೀಯಾಗಿ ಸೀಟ್ ಕವರ್ ಹಾಕಿಕೊಡ್ತೀವಿ’ ಅಂದರು. ಮನೆಯಲ್ಲಿ ಎಲ್ಲರೂ ‘ಹೋಗಲಿ ಬಿಡು’ ಅನ್ನುತ್ತಾರೆ. ಜಗಳಕ್ಕೆ ನಿಂತರೆ ಕೆಲಸ ಮಾಡಿದ ಹುಡುಗನ ಸಂಬಳಕ್ಕೆ ಕತ್ತರಿ ಬೀಳಬಹುದು ಎಂಬ ಅಳುಕು ನನಗೆ. ಒಂದು ಸೀಟಿಗಾಗಿ ಹೋರಾಡುವುದು ಸಣ್ಣತನವೇ? (ಹೆಸರು ಬೇಡ ಎಂದಿರುವ ಓದುಗರು)

ಸಂಪಾದಕರ ಉತ್ತರ:

ಸಣ್ಣತನ ಖಂಡಿತ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನೀವು ಬರೆದ ಪೂರ್ತಿ ಪತ್ರದಲ್ಲಿ (ಇಲ್ಲಿ ಅದರ ಸಾರವನ್ನಷ್ಟೇ ಕೊಟ್ಟಿದ್ದೇವೆ) ಹರಿದ ಸೀಟಿಗಿಂತ ಹೆಚ್ಚು ಜಾಗ ತೆಗೆದುಕೊಂಡಿರುವುದು ನಿಮ್ಮ ಸಂಕೋಚ. ತಪ್ಪು ಮಾಡಿದವರು ಎರಡು ಮಾತಿನಲ್ಲಿ ಕೈತೊಳೆದುಕೊಂಡಿದ್ದಾರೆ. ನಷ್ಟಪಟ್ಟ ನೀವು ಪುಟಗಟ್ಟಲೆ ಕ್ಷಮೆ ಕೇಳುತ್ತಿದ್ದೀರಿ. ಈ ಅದಲುಬದಲು ನನಗೆ ಸಹಿಸಲಾಗದ ವಿಷಯ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಗ್ಯಾರೇಜಿನವರ ಕಷ್ಟವೂ ಇಲ್ಲದಿಲ್ಲ. ಹಳೆಯ ಹರಕನ್ನು ಹೊಸದೆಂದು ತೋರಿಸಿ ದುಡ್ಡು ಕೀಳಲು ನೋಡುವ ಗಿರಾಕಿಗಳಿದ್ದಾರೆ. ಒಂದು ಕಾರು ಇಳಿಯುವುದರೊಳಗೆ ಇನ್ನೊಂದು ಕಾದಿರುತ್ತದೆ. ಕೈಗೆ ಗ್ರೀಸ್ ಮೆತ್ತದೆ ಆ ಕೆಲಸ ಆಗುವುದೂ ಇಲ್ಲ. ಇವೆಲ್ಲ ನಿಜ. ಆದರೆ ನಿಮ್ಮ ಪ್ರಶ್ನೆಗೆ ಇದು ಉತ್ತರವಾಗದು.

ಒಬ್ಬರ ವಸ್ತುವನ್ನು ಕೆಲಸಕ್ಕೆಂದು ಕೈಗೆ ತೆಗೆದುಕೊಂಡವರು ಅದನ್ನು ಹಿಂದಿರುಗಿಸುವ ಗಳಿಗೆಯವರೆಗೂ ಅದಕ್ಕೆ ಉತ್ತರ ಹೇಳಬೇಕು ಎಂಬುದು ನನ್ನ ಬಹುಕಾಲದ ನಂಬಿಕೆ. ಓದುವಾಗ ಈ ವಿಚಾರ ಎಲ್ಲಿ ಸಿಕ್ಕರೂ ಪುಟದ ಅಂಚಿಗೆ ಗೆರೆ ಎಳೆದಿಟ್ಟುಕೊಳ್ಳುತ್ತೇನೆ. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಅಗಸರ ಬಗ್ಗೆ ಒಂದು ನಿಯಮವಿದೆ. ಬಟ್ಟೆಯನ್ನು ಮರದ ಹಲಗೆಯ ಮೇಲೆ ಇಲ್ಲವೇ ನುಣುಪಾದ ಕಲ್ಲಿನ ಮೇಲೆ ಒಗೆಯಬೇಕು. ಬೇರೆಲ್ಲಾದರೂ ಒಗೆದರೆ ಬಟ್ಟೆಗೆ ಆದ ಹಾನಿಯನ್ನೂ ತುಂಬಬೇಕು, ಮೇಲೆ 6 ಪಣ ದಂಡವನ್ನೂ ತೆರಬೇಕು. ದಂಡ ರಾಜನಿಗೆ ಸೇರುವಂಥದ್ದು, ಬಟ್ಟೆಯ ಬೆಲೆ ಒಡೆಯನಿಗೆ. ಎರಡನ್ನೂ ಬೇರೆ ಬೇರೆಯಾಗಿ ಎಣಿಸಿದ್ದಾನೆ. ‘ನೀನು ಹರಿಯಬೇಕೆಂದೇ ಹರಿದೆಯಾ’ ಎಂದು ಅವನು ಕೇಳುವುದೇ ಇಲ್ಲ. ಒರಟು ಕಲ್ಲನ್ನು ಆರಿಸಿಕೊಂಡೆಯಾ, ಅಷ್ಟು ಸಾಕು.

ರೋಮನ್ನರ ಕಾನೂನಿನಲ್ಲಿ ಇನ್ನೂ ಸೊಗಸಾದ ಮಾತಿದೆ. ಚಕ್ರವರ್ತಿ ಜಸ್ಟಿನಿಯನ್ 533ರಲ್ಲಿ ಹೊರಡಿಸಿದ ಸಂಗ್ರಹದಲ್ಲಿ ಅಲ್ಪಿಯನ್ ಎಂಬ ನ್ಯಾಯವೇತ್ತನ ಅಭಿಪ್ರಾಯವೊಂದು ಸೇರಿದೆ. ಶುಚಿಮಾಡಲು ತೆಗೆದುಕೊಂಡ ಬಟ್ಟೆಯನ್ನು ಇಲಿ ಕಡಿದರೂ ಮಡಿವಾಳನೇ ಹೊಣೆ, ಏಕೆಂದರೆ ಇಲಿಯಿಂದ ಕಾಪಾಡುವುದೂ ಅವನ ಕೆಲಸವೇ ಆಗಿತ್ತು. ಒಬ್ಬರ ಮೇಲಂಗಿಯನ್ನು ಇನ್ನೊಬ್ಬರಿಗೆ ಕೊಟ್ಟರೂ ಅವನೇ ಹೊಣೆ, ಗೊತ್ತಿಲ್ಲದೆ ಕೊಟ್ಟಿದ್ದರೂ ಸರಿ. ಇಂಗ್ಲೆಂಡಿನಲ್ಲಿ 1703ರಲ್ಲಿ ಕಾಗ್ಸ್ ಮತ್ತು ಬರ್ನಾರ್ಡ್ ಎಂಬಿಬ್ಬರ ಮೊಕದ್ದಮೆ ನಡೆಯಿತು. ಬ್ರಾಂದಿ ಪೀಪಾಯಿಗಳನ್ನು ಒಂದು ನೆಲಮಾಳಿಗೆಯಿಂದ ಇನ್ನೊಂದಕ್ಕೆ ಸಾಗಿಸಿಕೊಡುತ್ತೇನೆಂದು ಬರ್ನಾರ್ಡ್ ಒಪ್ಪಿಕೊಂಡಿದ್ದ. ಅವನ ಅಜಾಗ್ರತೆಯಿಂದ ಪೀಪಾಯಿ ಒಡೆದು ಬ್ರಾಂದಿ ಚೆಲ್ಲಿತು. ಅವನು ಆ ಕೆಲಸಕ್ಕೆ ಕೂಲಿಯನ್ನೇ ಪಡೆದಿರಲಿಲ್ಲ. ಆದರೂ ನ್ಯಾಯಾಲಯ ಅವನನ್ನೇ ಹೊಣೆ ಮಾಡಿತು. ಮುಂದೆ ಆ ಪರಂಪರೆಯ ಕಾನೂನಿನಲ್ಲಿ ಒಂದು ತತ್ವ ಗಟ್ಟಿಯಾಗಿ ನಿಂತಿದೆ: ವಸ್ತು ತಮ್ಮ ವಶದಲ್ಲಿದ್ದಾಗ ಕೆಟ್ಟರೆ, ತಾವು ತಕ್ಕ ಎಚ್ಚರ ವಹಿಸಿದ್ದೆವು ಎಂದು ತೋರಿಸಬೇಕಾದವರು ವಶಕ್ಕೆ ಪಡೆದವರೇ. ಕೂಲಿಯಿಲ್ಲದೆ ಪೀಪಾಯಿ ಹೊತ್ತವನೇ ತಪ್ಪಿಸಿಕೊಳ್ಳಲಾಗಲಿಲ್ಲ. ನಿಮ್ಮಿಂದ ಬಿಲ್ ವಸೂಲಿ ಮಾಡಿಯೇ ಕೀ ಕೊಟ್ಟವರು ಹೇಗೆ ತಪ್ಪಿಸಿಕೊಂಡಾರು?

‘ಮೊದಲೇ ಹರಿದಿತ್ತು’ ಎಂಬ ಮಾತಿಗೆ ಬರೋಣ. ಮೊದಲೇ ಹರಿದಿದ್ದರೆ ಕಾರು ಒಳಗೆ ತೆಗೆದುಕೊಳ್ಳುವಾಗ ಜಾಬ್ ಕಾರ್ಡಿನಲ್ಲಿ ಅದು ನಮೂದಾಗಿರಬೇಕಿತ್ತು. ಬಹುತೇಕ ಜಾಬ್ ಕಾರ್ಡುಗಳಲ್ಲಿ ಗೀರು, ತಗ್ಗು, ಹರಕುಗಳನ್ನು ಗುರುತಿಸಲೆಂದೇ ಜಾಗ ಇರುತ್ತದೆ. ನಿಮ್ಮ ಪ್ರತಿ ತೆಗೆದು ನೋಡಿ. ಆ ಜಾಗ ಖಾಲಿ ಇದ್ದರೆ ಅದು ಅವರದೇ ಕೈಬರಹದ ಸಾಕ್ಷಿ. ಇನ್ನೊಂದು ಸಾಕ್ಷಿ ಸೀಟಿನಲ್ಲೇ ಇದೆ. ಸೀಟಿನೊಳಗಿನ ಫೋಮು ಗಾಳಿ ಬೆಳಕಿಗೆ ತೆರೆದುಕೊಂಡರೆ ಕಾಲಕ್ರಮದಲ್ಲಿ ಹಳದಿಗೆ ತಿರುಗುತ್ತದೆ, ಪುಡಿಯಾಗುತ್ತದೆ. ಹಳೆಯ ಹರಕಿನ ಅಂಚುಗಳು ಸವೆದು, ಸುರುಟಿಕೊಂಡು, ಕೊಳೆ ಹಿಡಿದಿರುತ್ತವೆ. ಹೊಸ ಹರಕಿನ ಅಂಚು ಶುಭ್ರವಾಗಿ, ಒಳಗಿನ ಫೋಮು ತಿಳಿಬಣ್ಣದಲ್ಲಿ ಕಾಣುತ್ತದೆ. ಹಗಲ ಬೆಳಕಿನಲ್ಲಿ, ಹತ್ತಿರದಿಂದ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಇವತ್ತೇ ತೆಗೆಯಿರಿ, ಏಕೆಂದರೆ ಈ ಸಾಕ್ಷಿ ದಿನ ಕಳೆದಂತೆ ಮಾಸುತ್ತದೆ. ಗ್ಯಾರೇಜಿನಲ್ಲಿ ಸಿಸಿಟಿವಿ ಇದ್ದರೆ ಆ ದಿನದ ದೃಶ್ಯವನ್ನು ಅಳಿಸದೆ ಇಡಬೇಕೆಂದು ಬರವಣಿಗೆಯಲ್ಲೇ ಕೇಳಿ. ಆ ಯಂತ್ರಗಳು ಹಳೆಯದರ ಮೇಲೆಯೇ ಹೊಸದನ್ನು ಬರೆದುಕೊಳ್ಳುತ್ತ ಹೋಗುತ್ತವೆ.

ಈ ಹರಕು ಹೇಗಾಗಿರಬಹುದು ಎಂದು ಕುಷನ್ ಕೆಲಸ ಮಾಡುವ ನನ್ನ ಪರಿಚಯದ ಹಿರಿಯರೊಬ್ಬರಿಗೆ ನಿಮ್ಮ ಪತ್ರ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ‘ಹಿಂದಿನ ಜೇಬಿನ ಸ್ಕ್ರೂಡ್ರೈವರ್’ ಎಂದರು. ಉಪಕರಣ ಜೇಬಿನಲ್ಲಿಟ್ಟುಕೊಂಡೇ ಮೆಕ್ಯಾನಿಕ್ ಸೀಟಿಗೆ ಜಾರಿ ಕೂರುತ್ತಾನೆ, ಬಾಗಿಲ ಕಡೆಯ ಅಂಚಿಗೆ ಅದು ಸಿಕ್ಕಿಕೊಳ್ಳುತ್ತದೆ. ಅವರ ಅಂಗಡಿಗೆ ಬರುವ ಇಂಥ ಸೀಟುಗಳ ಕತೆ ಹೆಚ್ಚುಕಡಿಮೆ ಒಂದೇ ಅಂತೆ. ಜೇಬಿನಲ್ಲಿ ಉಪಕರಣ, ಬೆಲ್ಟಿನ ಬಕಲ್, ಇಲ್ಲವೇ ಬಿಚ್ಚಿದ ಹಳೆಯ ಬ್ಯಾಟರಿಯನ್ನು ಹಿಂದಿನ ಸೀಟಿನ ಮೇಲೆ ಇಟ್ಟಿರುತ್ತಾರೆ. ಬ್ಯಾಟರಿಯ ಆಸಿಡ್ ಬಿದ್ದ ಜಾಗ ಅಂದು ಏನೂ ಆಗದಂತೆ ಕಾಣುತ್ತದೆ. ಕೆಲವು ದಿನ ಕಳೆದ ಮೇಲೆ ಬಟ್ಟೆ ಕೈಗೆ ಪುಡಿಯಾಗಿ ಬರುತ್ತದೆ. ಇಂಥ ಹಾನಿಯನ್ನು ಕಡಿಮೆ ಮಾಡುವ ವಸ್ತು ಒಂದು ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ, ಬಳಸಿ ಬಿಸಾಡುವಂಥದ್ದು. ಕೌಟಿಲ್ಯ ಹೇಳಿದ ನುಣುಪು ಕಲ್ಲು ಇಂದಿನ ಗ್ಯಾರೇಜಿನಲ್ಲಿ ಇದೇ. ಅದನ್ನು ಹುಡುಗನ ಕೈಗೆ ಕೊಡದೆ ಕೆಲಸಕ್ಕೆ ಇಳಿಸಿದವರು ಯಾರು?

ಈಗ ಅವರು ಕೊಡುತ್ತೇವೆನ್ನುವ ಸೀಟ್ ಕವರ್. ಇದನ್ನು ಮಾತ್ರ ಒಪ್ಪಿಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ ಸಾಲು ಅದು. ಹರಿದಿರುವ ಜಾಗವನ್ನು ಇನ್ನೊಮ್ಮೆ ನೋಡಿ: ಒರಗುವ ಭಾಗ, ಬಾಗಿಲ ಕಡೆಯ ಅಂಚು. ಅನೇಕ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಕೂತಿರುವುದು ಸರಿಯಾಗಿ ಅಲ್ಲೇ. ವೋಲ್ವೊ ಕಂಪನಿ 1994ರಲ್ಲಿ ತನ್ನ 850 ಮಾದರಿಗೆ ಸೀಟಿನೊಳಗಿಂದ ಬಿಚ್ಚಿಕೊಳ್ಳುವ ಪಕ್ಕದ ಏರ್‌ಬ್ಯಾಗ್ ತಂದಿತು, ಆಮೇಲೆ ಅದು ಎಲ್ಲೆಡೆ ಹರಡಿತು. ಡಿಕ್ಕಿಯಾದಾಗ ಕಣ್ಣುಮಿಟುಕಿಸುವುದಕ್ಕಿಂತ ಬೇಗ ಆ ಚೀಲ ಹೊರಬರಬೇಕು. ಅದಕ್ಕೆಂದೇ ಆ ಅಂಚಿನ ಹೊಲಿಗೆಯನ್ನು ಲೆಕ್ಕಹಾಕಿ, ಒತ್ತಡಕ್ಕೆ ಬಿಚ್ಚಿಕೊಳ್ಳುವಂತೆ ಹಾಕಿರುತ್ತಾರೆ. ಅದರ ಮೇಲೆ ಸಿಕ್ಕಿದ ಕವರ್ ಬಿಗಿದರೆ, ಇಲ್ಲವೇ ಗಟ್ಟಿ ದಾರದಲ್ಲಿ ಹೊಲಿದುಬಿಟ್ಟರೆ, ಚೀಲ ತಡವಾಗಿ ಬಿಚ್ಚಬಹುದು ಅಥವಾ ಅಡ್ಡದಾರಿ ಹಿಡಿಯಬಹುದು. ಸೀಟಿನ ಪಕ್ಕದಲ್ಲಿ ‘ಏರ್‌ಬ್ಯಾಗ್’ ಎಂದು ಬರೆದ ಚೀಟಿ ಇದೆಯೇ ನೋಡಿ, ಕಾರಿನ ಕೈಪಿಡಿಯಲ್ಲೂ ಇರುತ್ತದೆ. ಇದ್ದರೆ ತೇಪೆ, ಅಂಟು, ಕವರ್ ಯಾವುದೂ ಬೇಡ. ಕಾರು ತಯಾರಕರದೇ ಹೊದಿಕೆಯನ್ನು, ಏರ್‌ಬ್ಯಾಗ್ ಬಿಚ್ಚಿ ಜೋಡಿಸಲು ಬಲ್ಲವರಿಂದಲೇ ಬದಲಾಯಿಸಿಕೊಡಿ ಎಂದು ಕೇಳಿ. ತಮ್ಮ ತಪ್ಪು ಮುಚ್ಚಿಕೊಳ್ಳಲು ಕೊಡುವ ಉಡುಗೊರೆ ನಿಮ್ಮ ಪಕ್ಕೆಲುಬಿಗೆ ಕುತ್ತು ತರಬಾರದು.

ಏರ್‌ಬ್ಯಾಗ್ ಅಲ್ಲಿಲ್ಲದಿದ್ದರೆ ದಾರಿ ಸ್ವಲ್ಪ ಸುಲಭ. ಒಳಗಿಂದ ಬಟ್ಟೆಯ ತುಂಡು ಕೊಟ್ಟು, ಬಾಗುವ ಅಂಟು ತುಂಬಿ, ಮೇಲೆ ಬಣ್ಣ ಹಾಯಿಸುವ ರಿಪೇರಿ ನೋಡಲು ಚೆನ್ನಾಗಿಯೇ ಬರುತ್ತದೆ. ಆದರೆ ಹತ್ತಿ ಇಳಿಯುವಾಗೆಲ್ಲ ಮಡಚಿಕೊಳ್ಳುವ ಅಂಚಿನಲ್ಲಿ ಅದು ಬಹುಕಾಲ ನಿಲ್ಲುವುದಿಲ್ಲ ಎಂದು ನಮ್ಮ ಕುಷನ್ ಹಿರಿಯರ ಅಭಿಪ್ರಾಯ. ಹರಿದ ತುಂಡನ್ನು ಹೊಲಿಗೆಯಿಂದ ಹೊಲಿಗೆಗೆ ಬಿಚ್ಚಿ ಹೊಸ ತುಂಡು ಕೂರಿಸುವುದೇ ಮೇಲು ಎನ್ನುತ್ತಾರೆ. ಬಿಸಿಲಿಗೆ ಮಾಸಿದ ಹಳೆಯ ಲೆದರಿನ ಪಕ್ಕ ಹೊಸ ತುಂಡಿನ ಬಣ್ಣ ಎದ್ದು ಕಾಣುತ್ತದೆ. ಆ ಹೊಂದಾಣಿಕೆಯ ಖರ್ಚೂ ಅವರದೇ ಎಂದು ಮೊದಲೇ ಮಾತಾಡಿಕೊಳ್ಳಿ.

ರೂಫ್ ಬಟ್ಟೆಗೆ ಇನ್ನು ಯಾರನ್ನೂ ಕೈ ಹಾಕಲು ಬಿಡಬೇಡಿ. ಅದು ತೆಳು ಫೋಮಿನ ಮೇಲೆ ಕೂಡಿಸಿ ಹಲಗೆಗೆ ಅಂಟಿಸಿದ ಬಟ್ಟೆ. ಥಿನ್ನರಿನಂಥ ದ್ರಾವಕ ಸುರಿದರೆ ಅಂಟು ಸಡಿಲವಾಗಿ ಬಟ್ಟೆ ಜೋತುಬೀಳುತ್ತದೆ. ಅವರು ಈಗಾಗಲೇ ಏನು ಹಾಕಿ ಉಜ್ಜಿದರು ಎಂಬುದನ್ನು ಬರೆದು ಕೊಡಲಿ. ಮುಂದೆ ಸರಿಮಾಡುವವರಿಗೆ ಅದು ಗೊತ್ತಿರಲೇಬೇಕು. ನನಗೆ ಗ್ರೀಸಿನ ಗುರುತಿಗಿಂತ ಆ ಬಿಳಿಚಿದ ಕಲೆಯ ಮೇಲೆ ಹೆಚ್ಚು ಸಿಟ್ಟು. ಗ್ರೀಸ್ ಮೆತ್ತಿದ್ದು ಕೈತಪ್ಪು. ಆದರೆ ಉಜ್ಜಿದವರಿಗೆ ಕಲೆ ಕಂಡಿತ್ತು, ತಮ್ಮದೆಂದು ಗೊತ್ತಿತ್ತು, ಹೇಳದೆ ಕೀ ಕೊಟ್ಟರು. ಮೊದಲೇ ಇದ್ದ ಕಲೆಯಾಗಿದ್ದರೆ ಯಾರೂ ಕೇಳದೆ ಅದನ್ನು ಯಾಕೆ ಉಜ್ಜುತ್ತಿದ್ದರು? ಗ್ಯಾರೇಜಿಗೆ ನೀವು ಬರೆಯಬೇಕಾದ ದೂರು ಪತ್ರದಲ್ಲಿ ಈ ಪ್ರಶ್ನೆ ಹಾಕಿ. ಅವರ ಬಳಿ ಉತ್ತರ ಇರಲಾರದು.

ಆ ಹುಡುಗನ ಬಗ್ಗೆ ನಿಮಗಿರುವ ಕಾಳಜಿ ನಿಮ್ಮ ಒಳ್ಳೆಯತನ. ಆದರೆ ಆ ಒಳ್ಳೆಯತನದ ಲಾಭ ಪಡೆಯುತ್ತಿರುವವನು ಹುಡುಗನಲ್ಲ, ಮಾಲೀಕ. ಕೆಲಸದ ನಡುವೆ ಕೆಲಸಗಾರನ ಕೈಯಿಂದಾದ ಹಾನಿಗೆ ಕೆಲಸಕ್ಕಿಟ್ಟವರು ಹೊಣೆ ಎಂಬುದು ಬಹಳಷ್ಟು ದೇಶಗಳ ಕಾನೂನು ಒಪ್ಪಿರುವ ಮಾತು. ಇಂಥದ್ದಕ್ಕೆಂದೇ ಗ್ಯಾರೇಜುಗಳು ಮಾಡಿಸಿಕೊಳ್ಳುವ ವಿಮೆಯೂ ಇದೆ. ನೀವು ಬರೆಯುವಾಗ ‘ಇದನ್ನು ಕೆಲಸಗಾರರ ಸಂಬಳದಿಂದ ಮುರಿಯಬಾರದು, ಸಂಸ್ಥೆಯೇ ಭರಿಸಬೇಕು’ ಎಂದು ಒಂದು ಸಾಲು ಸೇರಿಸಿ. ನೀವು ಸುಮ್ಮನಿದ್ದರೆ ಅವನ ಕೈಗೆ ಆ ಪ್ಲಾಸ್ಟಿಕ್ ಹೊದಿಕೆ ಎಂದೂ ಬರುವುದಿಲ್ಲ.

ಮನೆಯವರ ‘ಹೋಗಲಿ ಬಿಡು’ ವಿಚಾರದಲ್ಲಿ ನಿಮ್ಮನ್ನೂ ಸ್ವಲ್ಪ ಗದರಬೇಕಾಗಿದೆ. ಎರಡು ಸಲ ಹೋಗಿ ಬಂದಿರಿ, ಎರಡು ಸಲವೂ ಬಾಯಿಮಾತಿನಲ್ಲೇ ಮುಗಿಸಿದಿರಿ. ಅವರು ಹೇಳಿದ್ದಕ್ಕೂ ನೀವು ಕೇಳಿದ್ದಕ್ಕೂ ಕಾಗದದ ಮೇಲೆ ಗುರುತಿಲ್ಲ. ಕೊಡುವಾಗ ನೋಡಿ ಕೊಡುವುದು, ತೆಗೆದುಕೊಳ್ಳುವಾಗ ನೋಡಿ ತೆಗೆದುಕೊಳ್ಳುವುದು ಈಗ ಅಪನಂಬಿಕೆಯ ಲಕ್ಷಣವಾಗಿಬಿಟ್ಟಿದೆ. ಕೌಂಟರಿನ ಮುಂದೆ ನಿಂತು ಬಾಗಿಲು ತೆರೆದು ಒಳಗೆ ಇಣುಕಿದರೆ ಹಿಂದಿನವರು ಗೊಣಗುತ್ತಾರೆ. ಹೊಲಿಗೆಗೆ ಕೊಟ್ಟ ಬಟ್ಟೆ, ರಿಪೇರಿಗೆ ಕೊಟ್ಟ ಫೋನು, ಪ್ರೆಸ್ಸಿಗೆ ಕೊಟ್ಟ ಹಳೆಯ ಫೋಟೊ, ಎಲ್ಲದರ ಕತೆಯೂ ಇದೇ. ಲೇಖಕರೊಬ್ಬರು ನಂಬಿ ಕಳಿಸಿದ, ಇನ್ನೊಂದು ಪ್ರತಿಯಿಲ್ಲದ ಕುಟುಂಬದ ಚಿತ್ರವನ್ನು ಮುದ್ರಣಾಲಯದವರು ನಡುವೆ ಪಿನ್ ಚುಚ್ಚಿ ನಮ್ಮ ಕಚೇರಿಗೆ ವಾಪಸ್ ಕಳಿಸಿದ್ದರು. ಕೇಳಿದಾಗ ಬಂದ ಉತ್ತರ ನಿಮಗೆ ಬಂದದ್ದೇ: ಮೊದಲೇ ತೂತಿತ್ತು.

ಇದರ ಜೊತೆಗೆ ಗೋಡೆಯ ಮೇಲಿನ ಫಲಕ. ‘ವಾಹನಗಳಿಗಾಗುವ ಹಾನಿಗೆ ಸಂಸ್ಥೆ ಜವಾಬ್ದಾರಿಯಲ್ಲ.’ ಸಂಸ್ಥೆ ಮತ್ತೆ ಯಾವುದಕ್ಕೆ ಜವಾಬ್ದಾರಿ? ಫಲಕ ಬರೆಸಿ ನೇತುಹಾಕಿದ ಮಾತ್ರಕ್ಕೆ ತನ್ನ ಅಜಾಗ್ರತೆಯ ಹೊಣೆಯನ್ನು ಯಾರೂ ಸಲೀಸಾಗಿ ಕಳಚಿಕೊಳ್ಳಲಾಗುವುದಿಲ್ಲ. ಅದನ್ನು ನೋಡಿ ಬಾಯಿಮುಚ್ಚುವ ಗಿರಾಕಿಗಳಿಂದಲೇ ಅದಕ್ಕೆ ಶಕ್ತಿ ಬಂದಿರುವುದು. ಹಾನಿ ಮಾಡಿದವನ ಮುಖ ನಿಮಗೆ ಕಾಣುವುದಿಲ್ಲ, ನಿಮ್ಮ ಮುಖ ಅವನಿಗೆ ಕಾಣುವುದಿಲ್ಲ. ನಡುವೆ ಕೂತ ಸರ್ವಿಸ್ ಅಡ್ವೈಸರ್ ಇಬ್ಬರ ಪರವಾಗಿಯೂ ‘ನನಗೆ ಗೊತ್ತಿಲ್ಲ’ ಎನ್ನುತ್ತಾನೆ. ಸಂಜೆ ಫೋನು ಬರುತ್ತದೆ, ಹತ್ತಕ್ಕೆ ಹತ್ತು ಅಂಕ ಕೊಡಿ, ಕಡಿಮೆ ಕೊಟ್ಟರೆ ನಮಗೆ ತೊಂದರೆ ಎಂದು. ಕೆಲಸಕ್ಕೆ ಪೂರ್ತಿ ದುಡ್ಡು ಕೊಟ್ಟ ಮೇಲೆ ಸುಳ್ಳು ಹೇಳುವ ಹೊರೆಯೂ ನಮ್ಮ ತಲೆಗೇ. ಆ ಫೋನು ಬಂದಾಗ ನಿಮಗೆ ಅನಿಸಿದ ಅಂಕವನ್ನೇ ಹೇಳಿ, ಕಾರಣವನ್ನೂ ಹೇಳಿ.

ಪತ್ರ ಚಿಕ್ಕದಾಗಿರಲಿ. ಕಾರು ಕೊಟ್ಟ ದಿನ, ಪಡೆದ ದಿನ, ಜಾಬ್ ಕಾರ್ಡಿನ ಸಂಖ್ಯೆ, ಎರಡು ಹಾನಿಗಳ ವಿವರ, ಫೋಟೊಗಳು, ಬೇರೊಬ್ಬ ಕುಷನ್ ಕೆಲಸದವರಿಂದ ಪಡೆದ ಖರ್ಚಿನ ಅಂದಾಜು. ಸೀಟು ಹಳೆಯದಾಗಿತ್ತು, ಪೂರ್ತಿ ಕೊಡಲಾಗದು ಎಂಬ ವಾದ ಬಂದೀತು. ಹಳೆಯದಾಗಿದ್ದರೂ ಹರಿದಿರಲಿಲ್ಲ ಎಂಬುದನ್ನು ಬಿಟ್ಟುಕೊಡಬೇಡಿ. ಅಲ್ಪಸ್ವಲ್ಪ ಚೌಕಾಶಿಗೆ ಬೇಕಾದರೆ ಜಾಗ ಇಟ್ಟುಕೊಳ್ಳಿ. ವ್ಯವಸ್ಥಾಪಕರಿಗೊಂದು ಪ್ರತಿ, ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೊಂದು ಪ್ರತಿ, ಎರಡಕ್ಕೂ ಸ್ವೀಕೃತಿ ಪಡೆಯಿರಿ. ಉತ್ತರಕ್ಕೆ ಹದಿನೈದು ದಿನ ಗಡುವು ಕೊಡಿ. ಅದು ದಾಟಿದರೆ ಗ್ರಾಹಕರ ದೂರು ಕೇಳುವ ವೇದಿಕೆಗೆ ಹೋಗಲು ಈ ಕಾಗದಗಳೇ ಸಾಕಾಗುತ್ತವೆ. ಅವರಿಂದ ಏನು ಉತ್ತರ ಬಂತೆಂದು ನಮಗೂ ಒಂದು ಸಾಲು ಬರೆಯಿರಿ. ಒಪ್ಪಿಕೊಂಡು ಸರಿಮಾಡಿಕೊಟ್ಟರೆ ಅದನ್ನೂ ಇದೇ ಪುಟದಲ್ಲಿ ಸಂತೋಷದಿಂದ ಅಚ್ಚು ಹಾಕುತ್ತೇವೆ.