ಗೋಣಿ ಗಟ್ಟಿ, ಹಲಗೆ ಯಾಕೆ ಸಪ್ಪೆ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಗೋಣಿ ಬಟ್ಟೆ ನಾಲ್ಕು ಪದರ ಹಾಸಿ, ಎಪಾಕ್ಸಿ ಅಂಟು ಸುರಿದು, ಮೇಲೆ ಕಲ್ಲು ಹೇರಿ, ಬಚ್ಚಲುಮನೆ ಬಾಗಿಲಿಗೆ ಹಲಗೆ ಮಾಡಿದರಂತೆ. ಬೇಸಿಗೆಯಲ್ಲಿ ಜೋರಾಗಿತ್ತು, ಆಷಾಢ ಕಳೆಯುವಷ್ಟರಲ್ಲಿ ಅಂಚು ಉಬ್ಬಿ ಪದರ ಬಿಟ್ಟಿತು. "ನೇಯ್ದ ನಾರು ಗಟ್ಟಿ ಅಂತ ನೀವೇ ಬರೆದಿದ್ರಿ. ಇದ್ಯಾಕೆ ಹೀಗಾಯ್ತು? ಗೋಣಿ ಬದಲು ನಮ್ಮ ಅಡಿಕೆ ಸಿಪ್ಪೆ ಹಾಕಿದ್ರೆ ಆಗಲ್ವಾ?" ಅಂತ ಕೇಳಿದ್ದಾರೆ.

ಬರೆದದ್ದು ನಾವೇ, ಹೌದು ಮಾರಾಯ್ರೇ. ಆದರೆ ಅರ್ಧ ಮಾತ್ರ ಬರೆದಿದ್ದೆವು.

ಒಂದು ತುಂಡು ಗೋಣಿ ಬಟ್ಟೆ ಕೈಗೆ ತಗೊಳ್ಳಿ. ಹಾಸಿನ ದಿಕ್ಕಿಗೆ ಎಳೆಯಿರಿ, ಹೊಕ್ಕಿನ ದಿಕ್ಕಿಗೂ ಎಳೆಯಿರಿ, ಜಗ್ಗುವುದಿಲ್ಲ. ಈಗ ಮೂಲೆಯಿಂದ ಮೂಲೆಗೆ ಎಳೆಯಿರಿ. ಸುಮ್ನೆ ಚಾಚಿಕೊಂಡು ಬರುತ್ತದೆ! ಹಲಗೆಯಲ್ಲೂ ಇದೇ ಕಥೆ: ಎರಡು ದಿಕ್ಕಿಗೆ ಬಲ, ಓರೆಗೆ ಬರೀ ಅಂಟಿನ ಬಲ. ಹಾಗಾಗಿ ನಾಲ್ಕು ಪದರದಲ್ಲಿ ಎರಡನ್ನಾದರೂ 45 ಡಿಗ್ರಿ ತಿರುಗಿಸಿ ಹಾಸಬೇಕಿತ್ತು. ಇನ್ನು ಅದೇ ಬಟ್ಟೆಯಿಂದ ಒಂದು ಎಳೆ ಬಿಚ್ಚಿ ಮೇಜಿನ ಮೇಲಿಡಿ. ನೆಟ್ಟಗಿರುವುದಿಲ್ಲ, ಹಾವಿನ ಹಾಗೆ ಅಲೆಅಲೆಯಾಗಿರುತ್ತದೆ, ಯಾಕೆಂದರೆ ನೇಯ್ಗೆಯಲ್ಲಿ ಅದು ಮೇಲೆ ಕೆಳಗೆ ಹೊಕ್ಕು ಬಂದಿರುತ್ತದೆ. ಹಲಗೆಯ ಮೇಲೆ ಭಾರ ಬಿದ್ದಾಗ ಆ ಎಳೆ ಮೊದಲು ನೆಟ್ಟಗಾಗಲು ನೋಡುತ್ತದೆ, ಸುತ್ತಲಿನ ಅಂಟು ಬಿರುಕು ಬಿಡುತ್ತದೆ. ನಾರಿನ ಪೂರ್ತಿ ಬಲ ಹಲಗೆಗೆ ಸಿಗದಿರಲು ಇದೊಂದು ಕಾರಣ. ಆದರೂ ಪೆಟ್ಟು ಬಿದ್ದಾಗ ಹೆಣೆದ ಎಳೆಗಳು ಬಿರುಕನ್ನು ಹಿಡಿದು ನಿಲ್ಲಿಸುತ್ತವೆ, ನೇಯ್ಗೆಯ ಲಾಭ ಅಲ್ಲಿ.

ನಿಮ್ಮ ಬಾಗಿಲನ್ನು ಕೆಡಿಸಿದ್ದು ಮಾತ್ರ ನೀರು. ಒಣಗಿದಂತೆ ಕಾಣುವ ಸೆಣಬಿನಲ್ಲೂ ತೂಕದ ಶೇ 12ರಷ್ಟು ತೇವ ಇರಬಹುದು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಕತ್ತರಿಸಿದ ಅಂಚಿನಲ್ಲಿ ನಾರಿನ ಬಾಯಿ ತೆರೆದೇ ಇರುತ್ತದೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರು ಒಳಗೆ ಹೋಗುತ್ತದೆ. ನಾರು ಉಬ್ಬುತ್ತದೆ, ಅಂಟು ಅಷ್ಟು ಉಬ್ಬುವುದಿಲ್ಲ. ಬಿಸಿಲು ಬಂದಾಗ ನಾರು ಕುಗ್ಗುತ್ತದೆ, ನಡುವೆ ಸಂದು ಬೀಳುತ್ತದೆ. ನಾನೂ ಒಂದು ತುಂಡನ್ನು ಕಚೇರಿ ಕಿಟಕಿಗೆ ಒರಗಿಸಿಟ್ಟು ಮರೆತಿದ್ದೆ, ಶ್ರಾವಣಕ್ಕೆ ನೋಡಿದರೆ ಕರಿದ ಹಪ್ಪಳ.

ಬಟ್ಟೆಯನ್ನು ಶೇ 5ರ ಕಾಸ್ಟಿಕ್ ಸೋಡಾ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಚೆನ್ನಾಗಿ ತೊಳೆದು ಒಣಗಿಸಿದರೆ ಮೇಲಿನ ಮೇಣ, ಕೊಳೆ ಹೋಗಿ ಅಂಟು ಹಿಡಿಯುತ್ತದೆ. ಕೈಗವಸು ಬೇಕೇ ಬೇಕು. ಅತಿಯಾದರೆ ನಾರೇ ಸೋಲುತ್ತದೆ. ಕತ್ತರಿಸಿದ ಮೇಲೆ ಅಂಚಿಗೆ ಮತ್ತೆ ಅಂಟು ಬಳಿಯಿರಿ.

ಅಡಿಕೆ ಸಿಪ್ಪೆಯ ನಾರು ಗಿಡ್ಡ, ನೂಲಾಗಿ ನೇಯುವುದು ಕಷ್ಟ. ಹಾಗಂತ ತಿಪ್ಪೆಗೆ ಎಸೆಯಬೇಡಿ. ಹಲಗೆ ಬಗ್ಗುವಾಗ ಜಾಸ್ತಿ ಎಳೆತ, ಒತ್ತಡ ಬೀಳುವುದು ಎರಡು ಹೊರ ಮೈಗೆ. ಅಲ್ಲಿ ನೇಯ್ದ ಬಟ್ಟೆ ಇರಲಿ, ನಡುವೆ ಸಿಪ್ಪೆಯ ನಾರು ತುಂಬಿ.

ಇನ್ನೊಂದು ತಕರಾರು ನನ್ನದು. ನೀವು ಇದನ್ನು "ಮಣ್ಣಲ್ಲಿ ಕರಗುವ ಹಲಗೆ" ಅಂತ ಕರೆದಿದ್ದೀರಿ. ಗೋಣಿ ಕರಗುತ್ತದೆ, ಎಪಾಕ್ಸಿ ಕರಗುವುದಿಲ್ಲ. ಎಪಾಕ್ಸಿ ಬದಲು ಮೆಕ್ಕೆಜೋಳ, ಕಬ್ಬಿನಿಂದ ಮಾಡುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಹಾಕಬಹುದು, ಆದರೆ ಅದನ್ನು ಬಿಸಿಗೆ ಕರಗಿಸಿ ಒತ್ತಲು 170-190 ಡಿಗ್ರಿ ಸೆಲ್ಸಿಯಸ್ ಬೇಕು, 200 ದಾಟಿದರೆ ನಾರು ಸೀಯಲು ಶುರು. ಪಿಎಲ್‌ಎ ಕೂಡ ತಿಪ್ಪೆಗುಂಡಿಯಲ್ಲಿ ಬೇಗ ಕೊಳೆಯುವುದಿಲ್ಲ, 60 ಡಿಗ್ರಿ ಹತ್ತಿರದ ಬಿಸಿಯ ದೊಡ್ಡ ಗೊಬ್ಬರದ ಘಟಕ ಬೇಕು. ಅದೇ ಬಿಸಿಗೆ ಪಿಎಲ್‌ಎ ಮೆತ್ತಗೂ ಆಗುತ್ತದೆ, ಹಂಡೆ ಒಲೆ ಪಕ್ಕಕ್ಕೆ ಬೇಡ. ಕೊಳೆಯಬೇಕು ಅಂತ ಮಾಡಿದ್ದನ್ನು ಮಲೆನಾಡಿನ ಬಚ್ಚಲಿಗೆ ಹಾಕಿ ಕೊಳೆಯಬಾರದು ಅಂದರೆ ಹೇಗೆ? ಬಾಗಿಲಿಗೆ ಮರವೇ ಇರಲಿ. ಇದರಲ್ಲಿ ಒಳಮನೆಗೆ ಟ್ರೇ, ಪೆಟ್ಟಿಗೆ ಮಾಡಿ.

ಮುಂದಿನ ಸಲ ಹಲಗೆ ಮಾಡಿದಾಗ ಅಂಗೈಯಗಲದ ತುಂಡು ತೂಗಿ, 24 ಗಂಟೆ ನೀರಲ್ಲಿಟ್ಟು, ಒರೆಸಿ ಮತ್ತೆ ತೂಗಿ. ಎರಡೂ ತೂಕ ನಮಗೆ ಬರೆದು ಕಳಿಸಿ.

— ಸಂಪಾದಕ