ಲೋಳೆಸರದ ಕುಂಡದಲ್ಲಿ ಎರಡು ಮೊಟ್ಟೆ

ಪ್ರಶ್ನೆ: ನಾವು ಕುವೆಂಪುನಗರದ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದೇವೆ. ಒಣಗಿಹೋದ ಲೋಳೆಸರದ ಕುಂಡವೊಂದನ್ನು ಇವತ್ತು ಎಸೆಯೋಣ, ನಾಳೆ ಎಸೆಯೋಣ ಎಂದು ಅಡುಗೆಮನೆ ಹಿಂದಿನ ಬಾಲ್ಕನಿಯಲ್ಲಿ ಹಾಗೇ ಬಿಟ್ಟಿದ್ದೆ. ನಾಲ್ಕು ದಿನ ಊರಿಗೆ ಹೋಗಿ ಬಂದು ನೋಡಿದರೆ ಅದರಲ್ಲಿ ಪಾರಿವಾಳ ಎರಡು ಮೊಟ್ಟೆ ಇಟ್ಟು ಕೂತಿದೆ. ಅತ್ತೆಯವರು ಶಿಬಿ ಚಕ್ರವರ್ತಿಯ ಕಥೆ ತೆಗೆದು, "ಆಶ್ರಯ ಕೇಳಿ ಬಂದಿರೋದನ್ನ ಓಡಿಸಬಾರದಮ್ಮ" ಅನ್ನುತ್ತಾರೆ. ಎದುರು ಮನೆಯವರು "ಶ್ವಾಸಕೋಶಕ್ಕೆ ಕಾಯಿಲೆ ಬರುತ್ತೆ, ಮೊದಲು ಎತ್ತಿ ಬಿಸಾಕಿ" ಅನ್ನುತ್ತಾರೆ. ಐದನೇ ಕ್ಲಾಸಿನ ಮಗ ಕಿಟಕಿ ಬಿಟ್ಟು ಏಳುತ್ತಿಲ್ಲ. ಯಾವಾಗ ನೋಡಿದರೂ ಒಂದೇ ಹಕ್ಕಿ ಕೂತಿರುತ್ತೆ, ಅಪ್ಪ ಪಾರಿವಾಳ ಬರೋದೇ ಇಲ್ಲ ಅನ್ನುವುದು ಅವನ ದೂರು. ಇವು ಎಷ್ಟು ದಿನ ಇರುತ್ತವೆ? ಕಾಳು, ನೀರು ಇಡಬಹುದೇ? ನಿಜಕ್ಕೂ ಕಾಯಿಲೆ ಬರುತ್ತದೆಯೇ?
— ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಮೊದಲು ಮಗನ ದೂರು ಇತ್ಯರ್ಥ ಮಾಡೋಣ. ಅಪ್ಪ ಪಾರಿವಾಳ ದಿನಾ ಬರುತ್ತಿದೆ. ನಿಮ್ಮ ಮಗ ಶಾಲೆಗೆ ಹೋದ ಮೇಲೆ ಬರುತ್ತಿದೆ, ಅಷ್ಟೆ. ಪಾರಿವಾಳಗಳಲ್ಲಿ ಕಾವು ಕೊಡುವ ಕೆಲಸ ಗಂಡ ಹೆಂಡತಿ ಇಬ್ಬರದೂ. ಬೆಳಿಗ್ಗೆ ಹತ್ತರ ಸುಮಾರಿಗೆ ಗಂಡು ಬಂದು ಕೂತರೆ ಸಂಜೆ ನಾಲ್ಕು, ಐದರವರೆಗೆ ಅದರ ಪಾಳಿ. ಹೆಚ್ಚುಕಡಿಮೆ ಸರ್ಕಾರಿ ಕಚೇರಿಯ ವೇಳೆ. ಉಳಿದ ಹೊತ್ತು, ರಾತ್ರಿಯೆಲ್ಲ ಸೇರಿ, ಹೆಣ್ಣಿನದು. ಎರಡೂ ಒಂದೇ ಥರ ಕಾಣುವುದರಿಂದ ಒಂದೇ ಹಕ್ಕಿ ಎಂದು ಭ್ರಮೆಯಾಗುತ್ತದೆ. ಭಾನುವಾರ ಒಂಬತ್ತೂವರೆಗೆ ತಿಂಡಿ ತಟ್ಟೆ ಹಿಡಿದು ಕಿಟಕಿಯ ಒಳಗಡೆ ಅಲ್ಲಾಡದೆ ಕೂರಲು ಹೇಳಿ. ಹೊಸಬ ಬಂದು ಬಾಲ್ಕನಿ ಅಂಚಿನಲ್ಲಿ ಇಳಿದು, ಕತ್ತು ಕೊಂಕಿಸುತ್ತ ನಡೆದು ಕುಂಡದ ಬಳಿ ನಿಲ್ಲುತ್ತದೆ. ಕೂತಿದ್ದದ್ದು ಎದ್ದು ಜಾಗ ಬಿಡುತ್ತದೆ. ಕೆಲವೊಮ್ಮೆ ಬರುವವನ ಕೊಕ್ಕಿನಲ್ಲಿ ಒಂದು ಕಡ್ಡಿಯೂ ಇರುತ್ತದೆ, ಬರಿಗೈಯಲ್ಲಿ ಮನೆಗೆ ಬರಬಾರದು ಅನ್ನುವ ಹಾಗೆ. ರೆಕ್ಕೆಯ ಮೇಲಿನ ಕಪ್ಪು ಪಟ್ಟೆ ಒಂದಕ್ಕೆ ಅಗಲ, ಇನ್ನೊಂದಕ್ಕೆ ಸಪೂರ ಇರಬಹುದು. ಒಂದಕ್ಕೆ ಬೆರಳು ಮೊಂಡಾಗಿರಬಹುದು. ಅಂಥ ಒಂದು ಗುರುತು ಹಿಡಿದುಬಿಟ್ಟರೆ ಪಾಳಿ ಪುಸ್ತಕ ಅವನೇ ಬರೆಯುತ್ತಾನೆ.

ಇನ್ನು ದಿನಗಳ ಲೆಕ್ಕ. ಮೊದಲ ಮೊಟ್ಟೆ ಇಟ್ಟ ಸುಮಾರು ಎರಡು ದಿನಕ್ಕೆ ಎರಡನೆಯದು. ಅಲ್ಲಿಂದ 17ರಿಂದ 19 ದಿನ ಕಾವು. ಮರಿ ಹೊರಬಂದ ಮೇಲೆ ಇನ್ನೊಂದು ತಿಂಗಳು, ಚಳಿಗಾಲವಾದರೆ ಕೆಲವು ದಿನ ಜಾಸ್ತಿ. ಅಂದರೆ ಕುಂಡ ನಿಮಗೆ ವಾಪಸ್ ಸಿಗುವುದು ಏಳು ವಾರದ ನಂತರ. ನೀವು ಊರಿಗೆ ಹೋದಾಗಲೇ ಇಟ್ಟಿರುವುದರಿಂದ ಎರಡು, ಮೂರು ದಿನ ಕಳೆದುಕೊಳ್ಳಿ.

ಗೂಡು ಅನ್ನಲು ಅಲ್ಲಿ ಏನೂ ಇಲ್ಲವಲ್ಲ ಎಂದು ನಿಮಗೆ ಅನ್ನಿಸಿರಬಹುದು. ಗುಲ್‌ಮೊಹರ್ ಎಲೆಯ ನಾಲ್ಕು ಒಣ ದಂಟು, ಕಡ್ಡಿ ಪೊರಕೆಯ ಎರಡು ಕಡ್ಡಿ, ಒಂದು ತುಂಡು ತಂತಿ. ಗೀಜಗ ಇದನ್ನು ನೋಡಿದರೆ ನಗುತ್ತದೆ. ಆದರೆ ಇವುಗಳ ಮೂಲ ಮನೆ ಬಂಡೆಯ ಸಂದು, ಬೆಟ್ಟದ ಕೊರಕಲು. ಮಂಡ್ಯ ಕಡೆಯ ಹಳೇ ಕಲ್ಲುಕಟ್ಟಡದ ಬಾವಿಗಳಲ್ಲಿ ಇಣುಕಿದರೆ ಇವತ್ತೂ ಗೋಡೆಯ ಸಂದಿನಿಂದ ಬುರ್ರನೆ ಹಾರುತ್ತವೆ. ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆ ಉರುಳದಿದ್ದರೆ ಸಾಕಾಗಿದ್ದ ಹಕ್ಕಿಗೆ ನಿಮ್ಮ ಸಜ್ಜಾ, ಎಸಿ ಪೆಟ್ಟಿಗೆಯ ಹಿಂಭಾಗ, ಸತ್ತ ಗಿಡದ ಕುಂಡ ಎಲ್ಲವೂ ಅರಮನೆಯೇ.

ಮರಿ ಹೊರಬಂದ ದಿನ ಮಗ ನಿರಾಶನಾದರೆ ಆಶ್ಚರ್ಯವಿಲ್ಲ. ಹದಿನೈದು, ಹದಿನೆಂಟು ಗ್ರಾಂ ತೂಗುವ, ಕಣ್ಣು ಮುಚ್ಚಿದ, ಮೈಮೇಲೆ ಅಲ್ಲಲ್ಲಿ ಹಳದಿ ಕೂದಲಿನ, ಮುಖಕ್ಕಿಂತ ಮೂಗೇ ದೊಡ್ಡದಾದ ಜೀವ. ಕೋಳಿಮರಿಯ ಚೆಲುವಿನ ಲವಲೇಶವೂ ಇಲ್ಲ. ಆದರೆ ಆಟ ಶುರುವಾಗುವುದೇ ಇಲ್ಲಿಂದ. ಗುಟುಕು ಕೊಡುವುದೆಂದರೆ ತಾಯಿ ಮರಿಯ ಬಾಯೊಳಗೆ ಕೊಕ್ಕಿಡುವುದು ಎಂದೇ ನಾವು ತಿಳಿದಿರುವುದು. ಪಾರಿವಾಳದಲ್ಲಿ ಇದು ತಿರುಗುಮುರುಗು: ಮರಿ ತನ್ನ ಕೊಕ್ಕನ್ನು ತಾಯಿಯ, ಇಲ್ಲವೇ ತಂದೆಯ, ಬಾಯೊಳಗೆ ತೂರಿಸುತ್ತದೆ. ದೊಡ್ಡದರ ಕತ್ತು ಕೆಳಗಿನಿಂದ ಮೇಲಕ್ಕೆ ಅಲೆಯಲೆಯಾಗಿ ಕುಲುಕುತ್ತದೆ, ಮರಿಯ ಮೈಯೂ ಜೊತೆಗೇ ಕುಲುಕುತ್ತದೆ. ಗೊತ್ತಿಲ್ಲದವರು ಕಚ್ಚಾಡುತ್ತಿವೆ ಅಂದುಕೊಳ್ಳಬೇಕು.

ಹಾಗೆ ಮೇಲೆ ಬರುವುದು ಹಾಲು. ಹೌದು, ಹಾಲೇ. ಗಂಟಲ ಕೆಳಗೆ ಕಾಳು ಶೇಖರವಾಗುವ ಚೀಲವೊಂದಿದೆಯಲ್ಲ, ಅದರ ಒಳಪದರ ಮೊಟ್ಟೆಯೊಡೆಯುವ ಕಾಲಕ್ಕೆ ದಪ್ಪವಾಗಿ ಉದುರತೊಡಗುತ್ತದೆ. ಒಡೆದ ಹಾಲಿನ ಗಸಿಯಂತಿರುವ ಈ ಪದಾರ್ಥದಲ್ಲಿ ಕೊಬ್ಬು, ಪ್ರೋಟೀನು ತುಂಬಿರುತ್ತವೆ. ಮೊದಲ ಕೆಲವು ದಿನ ಮರಿಗೆ ಇದೊಂದೇ ಆಹಾರ. ಎರಡು ದಿನ ತುಂಬುವಷ್ಟರಲ್ಲಿ ತೂಕ ಇಮ್ಮಡಿಯಾಗುತ್ತದೆ. ಆಮೇಲೆ ನಿಧಾನವಾಗಿ ನೆನೆದ ಕಾಳು ಬೆರೆಯುತ್ತ ಹೋಗುತ್ತದೆ. ತಂದೆಯೂ ಹಾಲೂಡಿಸುತ್ತದೆ ಅನ್ನುವುದನ್ನು ಮನೆಯ ಗಂಡಸರಿಗೆ ಒಮ್ಮೆ ಓದಿ ಹೇಳಿ. ಇದನ್ನು ಮಾಡಿಸುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು, ತಾಯಂದಿರಲ್ಲಿ ಹಾಲು ಬರಿಸುವುದೂ ಅದೇ. ಅಮೆರಿಕದ ಆಸ್ಕರ್ ರಿಡಲ್ ಮತ್ತು ಸಂಗಡಿಗರು 1930ರ ದಶಕದಲ್ಲಿ ಆ ಹಾರ್ಮೋನನ್ನು ಗುರುತಿಸಿ ಹೆಸರಿಟ್ಟದ್ದೇ ಪಾರಿವಾಳದ ಈ ಚೀಲ ಹಿಗ್ಗುವುದನ್ನು ಅಳತೆಗೋಲಾಗಿ ಇಟ್ಟುಕೊಂಡು.

ನಾಲ್ಕೈದು ದಿನಕ್ಕೆ ಕಣ್ಣು ಬಿಡುತ್ತವೆ. ವಾರ ಕಳೆದರೆ ಮೈತುಂಬ ಮುಳ್ಳಿನಂಥ ಗರಿಮೊಳಕೆ. ಆ ಹೊತ್ತಿಗೆ ಹತ್ತಿರ ಹೋದರೆ ಮರಿ ಮೈ ಉಬ್ಬಿಸಿ ಕೊಕ್ಕು ಟಕ್ಕೆನಿಸುತ್ತದೆ. ನೋವೇನೂ ಆಗದು, ಬರೀ ಜೋರು. ಎರಡರಲ್ಲಿ ತಡವಾಗಿ ಒಡೆದ ಮರಿ ಸಾಮಾನ್ಯವಾಗಿ ಸಣ್ಣದು, ಕೆಲವೊಮ್ಮೆ ಉಳಿಯುವುದಿಲ್ಲ. ಮಗನಿಗೆ ಇದನ್ನು ಮೊದಲೇ ಹೇಳಿಡಿ.

"ಊರು ತುಂಬ ಪಾರಿವಾಳ, ಮರಿ ಮಾತ್ರ ಯಾಕೆ ಕಾಣಲ್ಲ?" ಎಂದು ಅವನು ಇಷ್ಟರಲ್ಲೇ ಕೇಳುತ್ತಾನೆ. ದೊಡ್ಡವುಗಳ ಗಾತ್ರ ಬಂದ ಮೇಲೆಯೇ ಅವು ಗೂಡು ಬಿಡುವುದು, ಅದಕ್ಕೆ. ಕೊಕ್ಕಿನ ಬುಡದ ಉಬ್ಬು ಬೆಳ್ಳಗಾಗದೆ ಇನ್ನೂ ಮಂಕಾಗಿದ್ದರೆ, ಕಣ್ಣು ಕಿತ್ತಳೆಯ ಬದಲು ಕಂದಾಗಿದ್ದರೆ, ಕತ್ತಿನಲ್ಲಿ ಹಸಿರು, ನೇರಳೆ ಮಿಂಚು ಕಡಿಮೆಯಿದ್ದರೆ ಅದು ಈಚೆಗೆ ಹಾರಿದ ಮರಿ. ರಸ್ತೆಯಲ್ಲಿ ನೀವು ಎಷ್ಟೋ ನೋಡಿದ್ದೀರಿ, ಗುರುತಿಸಿಲ್ಲ.

ಈಗ ಎದುರು ಮನೆಯವರ ಮಾತು. ಅವರು ಸುಳ್ಳು ಹೇಳುತ್ತಿಲ್ಲ, ಸ್ವಲ್ಪ ಜೋರಾಗಿ ಹೇಳುತ್ತಿದ್ದಾರೆ. ಅನೇಕ ಹಕ್ಕಿಗಳು ಮರಿಯ ಹಿಕ್ಕೆಯನ್ನು ಕೊಕ್ಕಿನಲ್ಲಿ ಎತ್ತಿ ದೂರ ಬಿಸಾಡುತ್ತವೆ. ಪಾರಿವಾಳ ಆ ತೊಂದರೆಗೆ ಹೋಗುವುದಿಲ್ಲ. ತಿಂಗಳ ಕೊನೆಗೆ ಗೂಡಿನ ಅಂಚು ಹಿಕ್ಕೆಯಿಂದ ಗಾರೆ ಮೆತ್ತಿದಂತೆ ಗಟ್ಟಿಯಾಗಿರುತ್ತದೆ. ಹಸಿಯಾಗಿದ್ದಾಗ ಅಸಹ್ಯ ಅಷ್ಟೆ. ಒಣಗಿ ಪುಡಿಯಾಗಿ ಗಾಳಿಗೆ ಎದ್ದಾಗ ಅಪಾಯ. ಆ ಧೂಳು ಮತ್ತು ಗರಿಯ ಸಣ್ಣ ಪುಡಿಯನ್ನು ವರ್ಷಗಟ್ಟಲೆ ಉಸಿರಾಡಿದ ಕೆಲವರಲ್ಲಿ ಶ್ವಾಸಕೋಶ ಊದಿಕೊಳ್ಳುವ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಬರುತ್ತದೆ. ಹಿಕ್ಕೆಯಲ್ಲಿ ಬೆಳೆಯುವ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ರೋಗನಿರೋಧಕ ಶಕ್ತಿ ಕುಂದಿದವರಿಗೆ ಮಾರಕವಾಗಬಹುದು. ಆರೋಗ್ಯವಂತರ ಮನೆಯ ತೆರೆದ ಬಾಲ್ಕನಿಯಲ್ಲಿ, ಒಂದು ಗೂಡಿನಿಂದ, ಏಳು ವಾರಕ್ಕೆ ಹೆದರಿ ಓಡಬೇಕಾದ್ದಿಲ್ಲ. ಆದರೆ ಮನೆಯಲ್ಲಿ ಆಸ್ತಮಾ ಇರುವವರು, ಕೀಮೋಥೆರಪಿಯಲ್ಲಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು ಇದ್ದರೆ ಲೆಕ್ಕ ಬೇರೆ. ವೈದ್ಯರು ಬೇಡ ಅಂದರೆ ಗೂಡು ತೆಗೆಸಿ. ಶಿಬಿಯ ಹೆಸರು ಹೇಳಿ ಅವರ ಉಸಿರು ಒತ್ತೆಯಿಡಬೇಡಿ.

ಕಾಳು ಬೇಡ. ಎರಡು ಮರಿಗೆ ಬೇಕಾದ್ದನ್ನು ಅವು ಎಲ್ಲಿಂದಲೋ ತಂದೇ ತರುತ್ತವೆ. ನೀವು ಒಂದು ಹಿಡಿ ಜೋಳ ಇಟ್ಟರೆ ಮೂರನೇ ದಿನ ಇಪ್ಪತ್ತು ಪಾರಿವಾಳ ಕಂಬಿಯ ಮೇಲೆ ಕೂತು ಗುಟುರು ಹಾಕುತ್ತಿರುತ್ತವೆ, ಕೆಳಗಿನ ಮನೆಯವರು ಬೆಲ್ ಒತ್ತುತ್ತಾರೆ. ಅರಮನೆ ಎದುರು ಕಾಳು ಸುರಿದಾಗ ಆಗುವ ಜಾತ್ರೆ ನೋಡಿದ್ದೀರಲ್ಲ. ಹಿಕ್ಕೆಯ ಆಮ್ಲ ಹಳೇ ಕಟ್ಟಡಗಳ ಕಲ್ಲು, ಗಾರೆಯನ್ನು ತಿನ್ನುತ್ತದೆ ಎಂದೇ ಅಲ್ಲಿ ಕಾಳು ಹಾಕುವುದಕ್ಕೆ ಆಕ್ಷೇಪ ಎದ್ದದ್ದು. ನೀರೂ ಬೇಡ. ಆ ಏಳು ವಾರ ಬಟ್ಟೆಯನ್ನು ಮಾತ್ರ ಬೇರೆ ಕಡೆ ಒಣಗಿಸಿ.

ಒಂದು ತಪ್ಪೊಪ್ಪಿಗೆ. ಮೊದಲ ಸಲ ಗೂಡು ಖಾಲಿಯಾದಾಗ ನಾನು ಉತ್ಸಾಹದಿಂದ ಪೊರಕೆ ಹಿಡಿದು ಒಣಗಿದ್ದನ್ನೇ ಪರಪರ ಗುಡಿಸಿದ್ದೆ. ಬಿಸಿಲುಕೋಲಿನಲ್ಲಿ ಬೆಳ್ಳನೆ ಧೂಳು ಏಳುವುದನ್ನು ನೋಡಿಯೂ ನಿಲ್ಲಿಸಲಿಲ್ಲ. ವಾರವಿಡೀ ಕೆಮ್ಮಿದೆ. ನೀವು ಹೀಗೆ ಮಾಡಿ: ಎನ್-95 ಮಾಸ್ಕ್, ಕೈಗವಸು ಹಾಕಿಕೊಂಡು, ಅಡುಗೆಮನೆ ಬಾಗಿಲು ಮುಚ್ಚಿ, ಸೋಪಿನ ನೀರನ್ನು ಗೂಡಿನ ಮೇಲೆ ನಿಧಾನಕ್ಕೆ ಸುರಿದು ಅರ್ಧ ಗಂಟೆ ನೆನೆಯಲು ಬಿಡಿ. ಆಮೇಲೆ ಕುಂಡ ಸಮೇತ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ನೆಲವನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆಯಿರಿ. ಅದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಈ ಕೆಲಸ ಮುಂದೂಡುವಂತಿಲ್ಲ. ಗೂಡು ಖಾಲಿಯಾಗಿ ಹಾಗೇ ಉಳಿದರೆ ಹಕ್ಕಿಯ ಮೈಯ ಉಣ್ಣೆ, ನುಸಿಗಳು ಮನೆಯೊಳಗೆ ಬರುತ್ತವೆ. ಅದಕ್ಕಿಂತ ಮುಖ್ಯ, ಮರಿಗಳು ಇನ್ನೂ ಹಾರುವ ಮೊದಲೇ ಹೆಣ್ಣು ಪಕ್ಕದ ಕುಂಡದಲ್ಲಿ ಮುಂದಿನ ಜೊತೆ ಮೊಟ್ಟೆ ಇಟ್ಟುಬಿಡುವುದುಂಟು. ನಮ್ಮ ಹವೆಯಲ್ಲಿ ಇವಕ್ಕೆ ವರ್ಷವಿಡೀ ಬಾಣಂತನವೇ. ಮರಿಗೆ ಮೂರು ವಾರವಾಗುತ್ತಿದ್ದಂತೆ ಉಳಿದ ಖಾಲಿ ಕುಂಡ, ಹಳೇ ಬಕೆಟ್ಟು, ರಟ್ಟಿನ ಡಬ್ಬ ಎಲ್ಲವನ್ನೂ ಒಳಗೆ ತೆಗೆಯಿರಿ. ಒಂದು ಸಂಸಾರ ನೋಡಿ ಸಂತೋಷಪಡಿ, ಎರಡನೆಯದಕ್ಕೆ ಜಾಗ ಕೊಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಅತ್ತೆಯವರಿಗೆ ನೀವೇ ಹೇಳಬೇಕು.

ಪ್ರಶ್ನೆ: ನಮ್ಮ ವರಾಂಡದ ದಾಸವಾಳದ ಕುಂಡದಲ್ಲಿ "ಕಾಡು ಪಾರಿವಾಳ" ಗೂಡು ಮಾಡಿದೆ. ಕಂದು ಬಣ್ಣ, ಕತ್ತಿನ ಹಿಂದೆ ಕಪ್ಪು ಬಿಳುಪು ಚುಕ್ಕೆ. ನಿನ್ನೆ ಗಾಳಿಗೆ ಒಂದು ಮರಿ ಕೆಳಗೆ ಬಿತ್ತು. ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ.
— ನಿವೃತ್ತ ಶಿಕ್ಷಕರು, ವಿದ್ಯಾನಗರ, ಮಂಡ್ಯ

ಉತ್ತರ: ಮೇಷ್ಟ್ರೇ, ಧೈರ್ಯವಾಗಿ ಎತ್ತಿ ಗೂಡಿಗಿಡಿ. ಮನುಷ್ಯರ ವಾಸನೆ ತಾಗಿತೆಂದು ಮರಿ ಬಿಟ್ಟು ಹೋಗುವ ಹಕ್ಕಿ ಇದಲ್ಲ. ಪದೇ ಪದೇ ಇಣುಕಿ ಕಾಟ ಕೊಟ್ಟರೆ ಬಿಟ್ಟುಹೋಗಬಹುದು, ಅದು ಬೇರೆ. ಗೂಡೇ ಚೆದುರಿದ್ದರೆ ಸಣ್ಣ ಬಿದಿರು ಬುಟ್ಟಿಯೊಂದನ್ನು ಅದೇ ಗಿಡಕ್ಕೆ ಕಟ್ಟಿ ಅದರಲ್ಲಿಡಿ. ದೂರ ನಿಂತು ಒಂದೆರಡು ಗಂಟೆ ನೋಡಿ, ತಾಯಿ ಬಂದೇ ಬರುತ್ತದೆ. ಬಾಯಿಗೆ ಹನಿ ಹನಿ ನೀರು ಬಿಡುವುದು, ಹಾಲು ಅನ್ನ ತಿನ್ನಿಸುವುದು ಬೇಡ. ನೀರು ಶ್ವಾಸನಾಳಕ್ಕೆ ಹೋಗಿ ಸಾಯುವ ಮರಿಗಳೇ ಹೆಚ್ಚು.

ಅಂದಹಾಗೆ ನಿಮ್ಮದು ಪಾರಿವಾಳವಲ್ಲ, ಚುಕ್ಕೆ ಬೆಳವ. ಅದೇ ಬಳಗ, ಮರಿಗೆ ಹಾಲೂಡಿಸುವುದೂ ಹಾಗೆಯೇ, ಆದರೆ ಕೆಲಸ ಬೇಗ. ಕಾವು ಸುಮಾರು ಎರಡು ವಾರ, ಮರಿ ಹಾರುವುದು ಇನ್ನೆರಡು ವಾರಕ್ಕೆ. ಪಾರಿವಾಳದಂತೆ ಹಿಂಡು ಕಟ್ಟಿ ಮನೆ ಆಕ್ರಮಿಸುವುದಿಲ್ಲ. ಬೆಕ್ಕಿನ ಮೇಲೆ ಒಂದು ಕಣ್ಣಿಡಿ, ಸಾಕು.

ಪ್ರಶ್ನೆ: ಬಾಲ್ಕನಿಗೆ ಬಲೆ ಹಾಕಿಸಲು ಮುಂಗಡ ಕೊಟ್ಟಿದ್ದೇನೆ. ನೋಡಿದರೆ ಎಸಿ ಪೆಟ್ಟಿಗೆಯ ಹಿಂದೆ ಎರಡು ಮರಿ ಇವೆ. ಬಲೆಯವರು "ಪರವಾಗಿಲ್ಲ ಸಾರ್, ಹಾಗೇ ಹಾಕ್ತೀವಿ" ಅನ್ನುತ್ತಾರೆ.
— ಬ್ಯಾಂಕ್ ಉದ್ಯೋಗಿ, ವಿಜಯನಗರ, ಮೈಸೂರು

ಉತ್ತರ: ಅವರಿಗೆ ಪರವಾಗಿಲ್ಲ, ಕೊಳೆತ ವಾಸನೆ ಬರುವುದು ನಿಮ್ಮ ಬೆಡ್‌ರೂಮಿಗೆ. ಹೊರಗೆ ಉಳಿದ ತಾಯಿ ತಂದೆ ಬಲೆಗೆ ಬಡಿದುಕೊಳ್ಳುತ್ತವೆ, ಒಳಗೆ ಮರಿ ಹಸಿವಿನಿಂದ ಸಾಯುತ್ತವೆ. ಮರಿಯ ಮೈಮೇಲೆ ಹಳದಿ ಕೂದಲು ಇನ್ನೂ ಕಾಣುತ್ತಿದ್ದರೆ ಅವು ಹಾರುವವರೆಗೆ ಮುಂದೂಡಿಸಿ. ಹಾರಿಹೋದ ಮೇಲೂ ಬಲೆ ಬಿಗಿಯುವ ದಿನ ಎಸಿಯ ಹಿಂದೆ, ಸಜ್ಜಾದ ಮೂಲೆಯಲ್ಲಿ ಟಾರ್ಚ್ ಹಾಕಿ ನೋಡಿ. ಎಸಿ ಪೆಟ್ಟಿಗೆಯ ಮೇಲೆ ಕಡಿದಾಗಿ ಇಳಿಜಾರು ಬರುವಂತೆ ಒಂದು ಹಲಗೆ ಕೂರಿಸಿದರೆ ಅಲ್ಲಿ ಕಡ್ಡಿ ನಿಲ್ಲುವುದಿಲ್ಲ. ಹಿಂದಿನ ಸಂದಿಗೆ ಬೇರೆ ಜಾಲರಿ ಹೊಡೆಸಿ, ಯಂತ್ರಕ್ಕೆ ಗಾಳಿಯಾಡುವಷ್ಟು ಜಾಗ ಬಿಟ್ಟು. ಬಲೆಯ ಕೆಳಗಿನ ಅಂಚನ್ನು ಅವರು ಮೊಳೆಗೆ ಸುಮ್ಮನೆ ಸಿಕ್ಕಿಸಿ ಹೋಗುವುದುಂಟು. ಅಂಗೈಯಗಲ ಸಂದು ಸಿಕ್ಕರೂ ಪಾರಿವಾಳ ನಡೆದುಕೊಂಡೇ ಒಳಗೆ ಬರುತ್ತದೆ, ಹೊರಗೆ ಹೋಗುವ ದಾರಿ ಮಾತ್ರ ಮರೆಯುತ್ತದೆ. ಅಂಚು ಪೂರ್ತಿ ಎಳೆದು ನೋಡಿದ ಮೇಲೆಯೇ ಬಾಕಿ ಹಣ ಕೊಡಿ.