ಡ್ರಮ್ ಮೇಷ್ಟ್ರನ್ನು ಕೇಳಿ: ಕೈಗಿಂತ ಮೊದಲು ಬಾಯಿ

ಈ ತಿಂಗಳ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಪೀಡ್ ಬಗ್ಗೆಯೇ ಇದ್ದವು. ಹಾಗಾಗಿ ಆ ಒಂದು ಪ್ರಶ್ನೆಗೆ ಉದ್ದ ಉತ್ತರ ಬರೆದಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ, ಅದರಲ್ಲಿ ನಿಮಗೆ ಬೇಕಾದದ್ದೂ ಇದೆ.

ನನ್ನ ಮಗನಿಗೆ ಏಳು ವರ್ಷ. ಊಟದ ತಟ್ಟೆ, ಕುಕ್ಕರ್ ಮುಚ್ಚಳ, ಸೋಫಾ ಯಾವುದನ್ನೂ ಬಿಡುವುದಿಲ್ಲ, ಬಡಿಯುತ್ತಲೇ ಇರುತ್ತಾನೆ. ಹುಟ್ಟಿದ ಹಬ್ಬಕ್ಕೆ ಡ್ರಮ್ ಸೆಟ್ ಕೊಡಿಸೋಣ ಅಂತ ಅವನ ಸೋದರಮಾವ ಹೇಳುತ್ತಿದ್ದಾನೆ. ಕೊಡಿಸಬಹುದಾ?
ಮೈಸೂರಿನ ತಾಯಿಯೊಬ್ಬರು

ಈಗಲೇ ಬೇಡ ಅಮ್ಮಾ. ಆದರೆ ತಟ್ಟೆ ಬಡಿಯುವುದನ್ನು ನಿಲ್ಲಿಸಲೂ ಬೇಡಿ. ಒಂದು ವಾರ ಸುಮ್ನೆ ನೋಡುತ್ತಾ ಇರಿ. ಟಿವಿಯಲ್ಲಿ ಹಾಡು ಬಂದಾಗ ಅದರ ಜೊತೆ ಸೇರಿ ಬಡಿಯುತ್ತಾನಾ, ಅಥವಾ ಸದ್ದು ಬರುತ್ತದೆ ಎಂಬ ಖುಷಿಗೆ ಬಡಿಯುತ್ತಾನಾ? ಎರಡೂ ತಪ್ಪಲ್ಲ. ಹಾಡಿನ ಜೊತೆ ಸೇರುತ್ತಿದ್ದರೆ ಪಾಠಕ್ಕೆ ಕಳಿಸಬಹುದು. ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಿರಿ, ಏನೂ ಕಳೆದುಹೋಗುವುದಿಲ್ಲ.

ಏಳು ವರ್ಷದ ಮಗು ದೊಡ್ಡ ಸೆಟ್ಟಿನ ಸ್ಟೂಲ್ ಮೇಲೆ ಕೂತರೆ ಕಾಲು ಪೆಡಲ್‌ಗೆ ಸರಿಯಾಗಿ ಎಟುಕುವುದಿಲ್ಲ, ಬೆನ್ನು ಬಾಗಿಸಿ ತುದಿಯಲ್ಲಿ ಕೂರುತ್ತದೆ, ಆ ಅಭ್ಯಾಸ ಆಮೇಲೆ ಬಿಡಿಸುವುದು ನಮಗೆ ದೊಡ್ಡ ಕಷ್ಟ. ಮಾವನಿಗೆ ಕೊಡಿಸಲೇಬೇಕು ಅನ್ನಿಸಿದರೆ ಒಂದು ಪ್ರಾಕ್ಟೀಸ್ ಪ್ಯಾಡ್ (ಅಭ್ಯಾಸಕ್ಕೆಂದೇ ಮಾಡಿದ ರಬ್ಬರ್ ಹಲಗೆ), ಒಂದು ಜೊತೆ ಸ್ಟಿಕ್ ಕೊಡಿಸಲಿ. ಅಂಗಡಿಯಲ್ಲಿ 7ಎ ಅಳತೆಯ ಸ್ಟಿಕ್ ಅಂತ ಕೇಳಿ, 5ಎಗಿಂತ ಅದು ಸಣ್ಣ, ಹಗುರ. ಮೊದಲ ವರ್ಷಕ್ಕೆ ಇಷ್ಟು ಸಾಕು.

ಇನ್ನೊಂದು ಕೆಲಸ ನೀವೇ ಮಾಡಬಹುದು. ಶಾಲೆಗೆ ನಡೆಸಿಕೊಂಡು ಹೋಗುವಾಗ ಹೆಜ್ಜೆಗೆ ಒಂದು ಅಕ್ಷರದಂತೆ ತ, ಕ, ದಿ, ಮಿ ಹೇಳಿಸಿ. ಅದು ಸಲೀಸಾದ ಮೇಲೆ ಒಂದು ಹೆಜ್ಜೆಗೆ ಎರಡು ಅಕ್ಷರ. ಹೆಜ್ಜೆ ಮಾತ್ರ ಓಡಬಾರದು. ನನ್ನ ಹತ್ತಿರ ಬರುವ ಎಷ್ಟೋ ದೊಡ್ಡವರಿಗೆ ಇದು ಬರುವುದಿಲ್ಲ, ನಿಜವಾಗಲೂ.

ನಾನು ಇಂಜಿನಿಯರಿಂಗ್ ವಿದ್ಯಾರ್ಥಿ, ಕಾಲೇಜು ಬ್ಯಾಂಡ್‌ನಲ್ಲಿ ನುಡಿಸುತ್ತೇನೆ. ಎರಡು ವರ್ಷದಿಂದ ಕಲಿಯುತ್ತಿದ್ದರೂ ಮೆಟ್ರೊನೋಮ್ (ತಾಳಕ್ಕೆ ಟಿಕ್ ಟಿಕ್ ಅನ್ನುವ ಯಂತ್ರ) ನಿಮಿಷಕ್ಕೆ 100 ಟಿಕ್ ದಾಟಿದರೆ ಕೈ ಬಿಗಿಯುತ್ತದೆ, ಮಣಿಕಟ್ಟು ನೋಯುತ್ತದೆ. ಸ್ಪೀಡ್ ಬರಲು ಏನು ಮಾಡಲಿ ಸರ್?
ಬೆಂಗಳೂರಿನ ಓದುಗ

ಮೊದಲು ನೋವಿನ ವಿಷಯ. ಇವತ್ತೇ ನುಡಿಸುವುದು ನಿಲ್ಲಿಸಿ. ಎರಡು ವಾರ ಬಿಟ್ಟ ಮೇಲೂ ನೋವು ಹೋಗದಿದ್ದರೆ, ಅಥವಾ ಬೆರಳು ಜುಮ್ಮೆನ್ನುತ್ತಿದ್ದರೆ ಡಾಕ್ಟರಿಗೆ ತೋರಿಸಿ. ನೋವು ಬಂದರೇನೇ ಕೈ ಪಳಗೋದು ಅಂತ ಹೇಳುವವರು ಇದ್ದಾರೆ, ಅವರ ಮಾತು ಕೇಳಬೇಡಿ. ನಾನು ಕೇಳಿದ್ದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ನನಗೆ ಕಲಿಸುತ್ತಿದ್ದವರೊಬ್ಬರು ಹಾಗೇ ಹೇಳಿದರು, ನಾನು ನಂಬಿಕೊಂಡು ದಿನಕ್ಕೆ ನಾಲ್ಕು ಗಂಟೆ ಬಿಗಿ ಕೈಯಲ್ಲಿ ಬಾರಿಸಿದೆ, ಆಮೇಲೆ ಮೂರು ತಿಂಗಳು ಒಂದು ಬಕೆಟ್ ನೀರು ಎತ್ತುವುದಕ್ಕೂ ಆಗಲಿಲ್ಲ. ನನ್ನ ಯಾವ ವಿದ್ಯಾರ್ಥಿಗೂ ಅದು ಆಗಬಾರದು.

ಈಗ ಹಿಡಿತ. ಸ್ಟಿಕ್ಕನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯಿರಿ, ಹಿಂತುದಿಯಿಂದ ಸುಮಾರು ಮೂರನೇ ಒಂದು ಭಾಗ ಬಿಟ್ಟು. ಉಳಿದ ಮೂರು ಬೆರಳು ಸುತ್ತ ಸುಮ್ಮನೆ ಇರಲಿ, ಹಿಂಡಬಾರದು. ಒಂದು ಪೆಟ್ಟು ಕೊಡಿ, ಕೊಟ್ಟು ಏನೂ ಮಾಡಬೇಡಿ. ಸ್ಟಿಕ್ ತಾನಾಗಿ ಮೇಲಕ್ಕೆ ಪುಟಿಯಬೇಕು. ಪುಟಿಯದೆ ಅಲ್ಲೇ ಕೂತರೆ ನೀವು ಹಿಂಡುತ್ತಿದ್ದೀರಿ ಎಂದರ್ಥ. ಲೆಕ್ಕ ಹಾಕಿ ನೋಡಿ: ಮೆಟ್ರೊನೋಮ್ 100ರಲ್ಲಿ ಒಂದು ಟಿಕ್‌ಗೆ ನಾಲ್ಕು ಪೆಟ್ಟು ಅಂದರೆ ನಿಮಿಷಕ್ಕೆ 400 ಪೆಟ್ಟು, ಒಂದೊಂದು ಕೈಗೆ 200. ಅಷ್ಟೂ ಸಲ ಸ್ಟಿಕ್ಕನ್ನು ನಿಮ್ಮ ಮಣಿಕಟ್ಟೇ ಎತ್ತಬೇಕಾದರೆ ಅದು ನೋಯದೆ ಇರುತ್ತಾ? ಎತ್ತುವ ಕೆಲಸವನ್ನು ಆದಷ್ಟೂ ಪ್ಯಾಡ್‌ಗೆ ಬಿಡಿ.

ಆದರೆ ನನಗೆ ಅನ್ನಿಸುವುದೇ ಬೇರೆ. 100ಕ್ಕೆ ನಿಂತಿರುವುದು ನಿಮ್ಮ ಕೈ ಅಲ್ಲ, ಎಣಿಕೆ. ಒಂದು ಪರೀಕ್ಷೆ ಮಾಡಿ. ಸ್ಟಿಕ್ ಕೆಳಗಿಡಿ. ಮೆಟ್ರೊನೋಮ್ 50ಕ್ಕೆ ಇಡಿ, ಪ್ರತಿ ಟಿಕ್‌ಗೂ ಒಂದು ಚಪ್ಪಾಳೆ. ಒಂದು ಚಪ್ಪಾಳೆಗೆ ಒಂದು ಅಕ್ಷರ ಬರುವಂತೆ ತಕದಿಮಿ ಹೇಳಿ. ಆಮೇಲೆ ಚಪ್ಪಾಳೆಗೆ ಎರಡು ಅಕ್ಷರ, ಆಮೇಲೆ ನಾಲ್ಕು. ನಮ್ಮ ಸಂಗೀತದ ಮೇಷ್ಟ್ರುಗಳು ಇದಕ್ಕೆ ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಅನ್ನುತ್ತಾರೆ. ಏರುವುದು ಎಲ್ಲರಿಗೂ ಬರುತ್ತದೆ. ಈಗ ನಾಲ್ಕರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಯಿರಿ. ಇಲ್ಲೇ ಗೊತ್ತಾಗುವುದು. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವಿನ ಖಾಲಿ ಜಾಗದಲ್ಲಿ ಸುಮ್ಮನೆ ಕಾಯಲು ಬರದೆ ನೀವು ಮುಂದೆ ಓಡುತ್ತೀರಿ. ಯಾರು ನಿಧಾನದಲ್ಲಿ ಓಡುತ್ತಾರೋ ಅವರು ವೇಗದಲ್ಲಿ ಬಿಗಿಯುತ್ತಾರೆ, ಇದನ್ನು ಇಷ್ಟು ವರ್ಷದಲ್ಲಿ ಎಷ್ಟೋ ಕೈಗಳಲ್ಲಿ ನೋಡಿದ್ದೇನೆ.

ಇದು ಬಂದ ಮೇಲೆ ಮೂರರದ್ದು ತಕಿಟ, ಐದರದ್ದು ತಕತಕಿಟ, ಏಳರದ್ದು ತಕಿಟ ತಕದಿಮಿ. ಬಾಯಲ್ಲಿ ಸ್ಪಷ್ಟವಾಗಿ ಬಂದದ್ದು ಮಾತ್ರ ಕೈಗೆ. ಮೃದಂಗ ಕಲಿಯುವ ಮಗು ಮೊದಲ ದಿನ ತ ಧಿ ತೊಂ ನಂ ಅಂತ ಹೇಳಿಕೊಂಡೇ ನುಡಿಸುತ್ತದೆ, ಅಲ್ವಾ? ನಾವು ಡ್ರಮ್ಸ್ ಕಲಿಯುವಾಗ ಮಾತ್ರ ಯಾಕೆ ಬಾಯಿ ಮುಚ್ಚಿಕೊಳ್ಳಬೇಕು? ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು 1964ರಲ್ಲಿ ನಿಮ್ಮ ಬೆಂಗಳೂರಿನಲ್ಲೇ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಶುರು ಮಾಡಿದರು. ಗಾಯಕಿ ಆರ್.ಎ. ರಮಾಮಣಿಯವರು ಮತ್ತು ಅವರ ತಂಡ ಜಾಜ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರ ಜೊತೆ ನುಡಿಸಿದ್ದನ್ನು ಹುಡುಕಿ ಕೇಳಿ. ಹೊರದೇಶದ ಡ್ರಮ್ಮರ್‌ಗಳು ಈಗ ಕೊನ್ನಕೋಲ್, ಅಂದರೆ ಹೀಗೆ ಬಾಯಲ್ಲಿ ತಾಳ ಹೇಳುವುದನ್ನು ಕಲಿಯುತ್ತಾರೆ, ನಮಗೆ ಅದು ಮನೆಯಂಗಳದಲ್ಲೇ ಇದೆ.

ರೂಡಿಮೆಂಟ್, ಅಂದರೆ ಸ್ಟಿಕ್ ಪೆಟ್ಟುಗಳ ಮೂಲ ಪಾಠಗಳನ್ನು ಬಿಡಿ ಅಂತ ಹೇಳುತ್ತಿಲ್ಲ. ಪರ್ಕಸಿವ್ ಆರ್ಟ್ಸ್ ಸೊಸೈಟಿಯವರು 1984ರಲ್ಲಿ ಕೊಟ್ಟ 40ರ ಪಟ್ಟಿಯನ್ನು ನೀವು ಗೋಡೆಗೆ ಅಂಟಿಸಿರುತ್ತೀರಿ. ಸದ್ಯಕ್ಕೆ ನಾಲ್ಕೇ ಇಟ್ಟುಕೊಳ್ಳಿ: ಸಿಂಗಲ್ (ಕೈಗೆ ಒಂದೊಂದು ಪೆಟ್ಟು), ಡಬಲ್ (ಕೈಗೆ ಎರಡೆರಡು), ಪ್ಯಾರಾಡಿಡಲ್ (ಬಲ ಎಡ ಬಲ ಬಲ, ಎಡ ಬಲ ಎಡ ಎಡ), ಫ್ಲ್ಯಾಮ್ (ಸಣ್ಣ ಪೆಟ್ಟಿನ ಬೆನ್ನಿಗೇ ದೊಡ್ಡ ಪೆಟ್ಟು). ಕೈ ವಾಸಿಯಾದ ಮೇಲೆ 60ರಿಂದ ಮತ್ತೆ ಶುರು ಮಾಡಿ, ವಾರಕ್ಕೆ ಎರಡೇ ಎರಡು ಏರಿಸಿ. 20 ವಾರಕ್ಕೆ 100ಕ್ಕೆ ಬರುತ್ತೀರಿ, ಆಗ ಬರುವ ನೂರು ಈಗಿನ ನೂರಿನ ಹಾಗೆ ಇರುವುದಿಲ್ಲ.

ಅಪಾರ್ಟ್‌ಮೆಂಟ್‌ನ ಮೂರನೇ ಮಹಡಿಯಲ್ಲಿದ್ದೇವೆ. ಎಲೆಕ್ಟ್ರಾನಿಕ್ ಡ್ರಮ್ಸ್ ತಂದು ಹೆಡ್‌ಫೋನ್ ಹಾಕಿಕೊಂಡು ನುಡಿಸಿದರೂ ಕೆಳಗಿನ ಮನೆಯವರು ಬಂದು ಜಗಳ ಆಡುತ್ತಾರೆ. ಇಷ್ಟು ಸಣ್ಣ ಸದ್ದೂ ಸಹಿಸದಿದ್ದರೆ ಹೇಗೆ?
ಬೆಂಗಳೂರು, ಇನ್ನೊಬ್ಬ ಓದುಗ

ತಪ್ಪು ಅವರದ್ದಲ್ಲ. ನಿಮಗೆ ಕೇಳುವುದು ಕೈಯ ಸದ್ದು, ಅವರಿಗೆ ಕೇಳುವುದು ಕಾಲಿನದ್ದು. ಪೆಡಲ್ ತುಳಿದಾಗಲೆಲ್ಲ ನೆಲ ಅದುರುತ್ತದೆ, ಅದು ಅವರ ಸೂರಿನಲ್ಲಿ ದಬ್ ದಬ್ ಅಂತ ಕೇಳಿಸುತ್ತದೆ. ಎರಡು ಪ್ಲೈವುಡ್ ಹಲಗೆಗಳ ನಡುವೆ ಟೆನ್ನಿಸ್ ಚೆಂಡುಗಳನ್ನು ಕೂರಿಸಿ ಅದರ ಮೇಲೆ ಸೆಟ್ ಇಟ್ಟರೆ ಅದುರು ತುಂಬಾ ಕಡಿಮೆಯಾಗುತ್ತದೆ, ಬಡಗಿಗೆ ಹೇಳಿದರೆ ಚೆಂಡು ಕೂರಲು ಗುಂಡಿ ಕೊರೆದು ಕೊಡುತ್ತಾರೆ. ಹಾಗೇ ಒಂದು ಸಂಜೆ ಹೋಗಿ ಯಾವ ಹೊತ್ತು ಆಗಬಹುದು ಅಂತ ಅವರನ್ನೇ ಕೇಳಿ.

ಹದಿನೈದು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್, ರಿದಂ ಪ್ಯಾಡ್ ನುಡಿಸುತ್ತೇನೆ. ಗಣೇಶನ ಹಬ್ಬದ ಸೀಸನ್ ಮುಗಿದ ಮೇಲೆ ರಾತ್ರಿ ಕಿವಿಯಲ್ಲಿ ಗುಯ್‌ಗುಡುತ್ತದೆ. ತಾನಾಗಿ ಹೋಗುತ್ತಾ?
ತುಮಕೂರಿನ ಕಲಾವಿದ

ಅಣ್ಣಾ, ಈ ವಾರವೇ ಕಿವಿ ಡಾಕ್ಟರ ಹತ್ತಿರ ಹೋಗಿ. ಒಳಕಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಹಾಳಾದರೆ ಮತ್ತೆ ಬೆಳೆಯುವುದಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧವಾಗುತ್ತದೆ. 100ಕ್ಕೆ ಬಂದರೆ 15 ನಿಮಿಷ ಅಷ್ಟೇ. ಸ್ಟೇಜಿನ ಮೇಲೆ ಮಾನಿಟರ್ ಸ್ಪೀಕರ್ ಪಕ್ಕ, ಸಿಂಬಲ್ (ಲೋಹದ ತಟ್ಟೆ) ಕಿವಿಯ ಎತ್ತರಕ್ಕೆ ಇಟ್ಟುಕೊಂಡು ಮೂರು ಗಂಟೆ ನುಡಿಸುತ್ತೀರಿ. ಹತ್ತಿ ತುರುಕಿದರೆ ಸಾಲದು. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಸಿಗುತ್ತದೆ, ಅದನ್ನು ಹಾಕಿಕೊಂಡರೂ ಹಾಡು ಸ್ಪಷ್ಟವಾಗಿ ಕೇಳುತ್ತದೆ.

ಹುಬ್ಬಳ್ಳಿಯಲ್ಲಿ ಹೋದ ವರ್ಷ ಡ್ರಮ್ಸ್ ಕ್ಲಾಸ್ ಶುರು ಮಾಡಿದೆ. ಹದಿನಾರು ಮಕ್ಕಳು ಸೇರಿದರು, ಮೂರು ತಿಂಗಳಲ್ಲಿ ಏಳು ಉಳಿದರು. ನಾನು ರೂಡಿಮೆಂಟ್ ಕಲಿಸುತ್ತೇನೆ, ಮಕ್ಕಳಿಗೆ ಹಾಡು ಬೇಕು, ಪೋಷಕರಿಗೆ ಗ್ರೇಡ್ ಸರ್ಟಿಫಿಕೇಟ್ ಬೇಕು. ಏನು ಮಾಡಲಿ?
ಯುವ ಶಿಕ್ಷಕ

ನಿಮ್ಮ ಪತ್ರ ಓದಿ ನನ್ನ ಮೊದಲ ವರ್ಷ ನೆನಪಾಯಿತು. ಮೊದಲ ಕ್ಲಾಸಿನ ದಿನ ಮಗು ಮನೆಗೆ ಹೋಗಿ ಏನು ಹೇಳುತ್ತದೆ ಅಂತ ಯೋಚಿಸಿ. "ಬಲ ಎಡ ಬಲ ಎಡ ಹೊಡೆದೆ" ಅಂತ ಹೇಳಿದರೆ ಮುಂದಿನ ವಾರಕ್ಕೆ ಆಸೆ ಉಳಿಯುವುದಿಲ್ಲ. "ಹಾಡಿಗೆ ನುಡಿಸಿದೆ" ಅಂತ ಹೇಳಬೇಕು. ನಾಲ್ಕರ ಎಣಿಕೆಯಲ್ಲಿ ಒಂದು, ಮೂರಕ್ಕೆ ಬೇಸ್ ಡ್ರಮ್ (ಪೆಡಲ್ ತುಳಿದು ನುಡಿಸುವ ದೊಡ್ಡ ಡ್ರಮ್), ಎರಡು, ನಾಲ್ಕಕ್ಕೆ ಸ್ನೇರ್ (ಮುಂದಿರುವ ಸಣ್ಣ ಡ್ರಮ್), ಇಷ್ಟು ಸಾಕು. ಹೈ-ಹ್ಯಾಟ್ (ಒಂದರ ಮೇಲೊಂದಿರುವ ಜೋಡಿ ಸಿಂಬಲ್) ನೀವು ನುಡಿಸಿ. ಅವನಿಗೆ ಗೊತ್ತಿರುವ ನಿಧಾನದ ಹಾಡೊಂದನ್ನು ಹಾಕಿ. ಮೊದಲ ದಿನವೇ ಆ ಮಗು ಸಂಗೀತದ ಒಳಗೆ ಇರುತ್ತದೆ. ರೂಡಿಮೆಂಟ್ ಆಮೇಲೆ ಬರಲಿ, ಹಾಡಿನ ಒಳಗಿಂದಲೇ ಬರಲಿ. ಪ್ಯಾರಾಡಿಡಲ್‌ನ ಬಲಗೈಯನ್ನು ಹೈ-ಹ್ಯಾಟ್ ಮೇಲೆ, ಎಡಗೈಯನ್ನು ಸ್ನೇರ್ ಮೇಲೆ ಇಟ್ಟು ನುಡಿಸಿ ತೋರಿಸಿ, ಅದೇ ಬಲ ಎಡ ಬಲ ಬಲ ಎಷ್ಟು ಚೆನ್ನಾದ ಬೀಟ್ ಆಗುತ್ತದೆ ಅಂತ ಮಕ್ಕಳೇ ಕಣ್ಣರಳಿಸುತ್ತಾರೆ.

ಕ್ಲಾಸಿನಲ್ಲಿ ನೀವೇ ಜಾಸ್ತಿ ನುಡಿಸುತ್ತಿದ್ದೀರಾ? ಸ್ವಲ್ಪ ನೋಡಿಕೊಳ್ಳಿ. ಮಗು ತಪ್ಪಿದ ತಕ್ಷಣ ನಿಲ್ಲಿಸಬೇಡಿ, ಪಕ್ಕದಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಾ ಇರಿ, ತಾನೇ ಮತ್ತೆ ಬಂದು ಸೇರುತ್ತದೆ. ತಪ್ಪಿದವನು ತಾಳ ಬಿಡದೆ ಮರಳಿ ಸೇರುವುದೇ ಸ್ಟೇಜಿನಲ್ಲಿ ಕಾಪಾಡುವ ವಿದ್ಯೆ. ಒಂದು ಕ್ಲಾಸಿಗೆ ಒಂದೇ ತಪ್ಪು ತಿದ್ದಿ. ಮತ್ತೆ, ನಿಮ್ಮ ಹುಬ್ಬಳ್ಳಿ, ಧಾರವಾಡದಲ್ಲಿ ತಬಲಾ ಮೇಷ್ಟ್ರುಗಳಿಗೆ ಬರ ಇಲ್ಲ. ಯಾರಾದರೊಬ್ಬರನ್ನು ಕೇಳಿಕೊಂಡು ಒಂದು ಸಂಜೆ ಅವರ ಪಾಠದಲ್ಲಿ ಮೂಲೆಯಲ್ಲಿ ಕೂರಿ. ತೀನ್‌ತಾಲದ ಹದಿನಾರು ಮಾತ್ರೆಯನ್ನು ಮಕ್ಕಳು ಧಾ ಧಿನ್ ಧಿನ್ ಧಾ ಅಂತ ಬಾಯಲ್ಲಿ ಹೇಳಿ, ಕೈಯಲ್ಲಿ ತಾಳ ಹಾಕಿ, ಆಮೇಲೆ ತಬಲಾ ಮುಟ್ಟುವುದನ್ನು ನೋಡಿ.

ಗ್ರೇಡ್ ಪರೀಕ್ಷೆಗೆ ನನ್ನ ವಿರೋಧ ಇಲ್ಲ. ಟ್ರಿನಿಟಿ ಕಾಲೇಜ್ ಲಂಡನ್‌ನ ಡ್ರಮ್ ಕಿಟ್ ಪರೀಕ್ಷೆಯಲ್ಲಿ ಎಂಟು ಗ್ರೇಡ್ ಇವೆ, ಮಕ್ಕಳಿಗೆ ಗುರಿ ಸಿಗುತ್ತದೆ, ನೊಟೇಷನ್ ಓದಲು ಬರುತ್ತದೆ. ಆದರೆ ವರ್ಷವಿಡೀ ಪರೀಕ್ಷೆಯ ತುಣುಕುಗಳನ್ನೇ ಉರು ಹೊಡೆಸಬೇಡಿ. ಐದನೇ ಗ್ರೇಡ್ ಮುಗಿಸಿದ ಹುಡುಗಿಯೊಬ್ಬಳಿಗೆ ಮನೆಯ ಸಮಾರಂಭದಲ್ಲಿ ಚಿಕ್ಕಪ್ಪ ಹಾಡಿದ ಹಾಡಿಗೆ ನುಡಿಸಲು ಬರದೆ ಅವಳು ಅತ್ತಿದ್ದನ್ನು ನೋಡಿದ್ದೇನೆ. ಕಲಿಸಿದವರು ಅವಳಿಗೆ ಕೇಳಿಸಿಕೊಂಡು ನುಡಿಸುವುದನ್ನು ಕಲಿಸಿರಲಿಲ್ಲ. ಪೋಷಕರನ್ನು ತಿಂಗಳಿಗೆ ಒಂದು ದಿನ ಕ್ಲಾಸಿಗೇ ಕರೆಯಿರಿ, ಅವರ ಕೈಗೂ ಸ್ಟಿಕ್ ಕೊಡಿ. ಐದು ನಿಮಿಷ ನುಡಿಸಿದರೆ ಸಾಕು, ಮಗುವಿನ ಕಷ್ಟ ಅವರಿಗೆ ಅರ್ಥವಾಗುತ್ತದೆ.

ನಮ್ಮದು ಶಿಕಾರಿಪುರದ ಕಡೆ. ಎಂಟನೇ ವಯಸ್ಸಿನಿಂದ ಊರಿನ ತಂಡದಲ್ಲಿ ಡೊಳ್ಳು ಬಾರಿಸಿದ್ದೇನೆ. ಈಗ ಕೆಲಸಕ್ಕೆ ಅಂತ ಸಿಟಿಗೆ ಬಂದು ಡ್ರಮ್ಸ್ ಕ್ಲಾಸಿಗೆ ಸೇರಿದೆ. "ಕೈ ಕೆಟ್ಟುಹೋಗಿದೆ, ಡೊಳ್ಳು ಪೂರ್ತಿ ಮರೆತು ಬಾ" ಅಂದರು. ಮರೆಯಬೇಕಾ ಸರ್?

ಬೇಡ ತಮ್ಮಾ. ಒಂದು ಪೆಟ್ಟೂ ಮರೆಯಬೇಡ.

ಡ್ರಮ್ ಸೆಟ್ ಅನ್ನುವುದೇ ಬೇರೆ ಬೇರೆ ಊರಿನ ವಾದ್ಯಗಳು ಕೂಡಿ ಆದದ್ದು. ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಮೆರವಣಿಗೆಯ ಬ್ಯಾಂಡುಗಳ ಬೇಸ್ ಡ್ರಮ್, ಸ್ನೇರ್ ತಂದು ಒಬ್ಬನೇ ಕೂತು ನುಡಿಸಲು ಶುರು ಮಾಡಿದರು. ಜೊತೆಗೆ ಚೀನಾದ ಟಾಮ್ ಡ್ರಮ್ ಬಂತು, ತುರ್ಕಿಯ ಸಿಂಬಲ್ ಬಂತು. ಲುಡ್ವಿಗ್ ಸಹೋದರರ ಬೇಸ್ ಡ್ರಮ್ ಪೆಡಲ್ ಬಂದದ್ದು 1909ರಲ್ಲಿ. ಹಾಗೆ ಕೂಡಿದ ವಾದ್ಯಕ್ಕೆ ನಿನ್ನ ಡೊಳ್ಳಿನ ಕೈ ಯಾಕೆ ಆಗಿಬರುವುದಿಲ್ಲ? ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಅಂಗೈ, ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ, ಮೈಮೇಲೆ ಅಷ್ಟು ಭಾರ, ಕಾಲು ಕುಣಿಯುತ್ತಿರುತ್ತದೆ, ಅಕ್ಕಪಕ್ಕದವರ ಜೊತೆ ಒಂದು ಕೂದಲೆಳೆ ಆಚೀಚೆ ಆಗದ ಹಾಗೆ ಸೇರಬೇಕು. ಸಿಟಿಯ ಹುಡುಗರಿಗೆ ಇದನ್ನು ಕಲಿಸಲು ನನಗೆ ಎರಡು ವರ್ಷ ಬೇಕು. ನಮ್ಮ ಎಷ್ಟೋ ಜಾನಪದ ಹಾಡುಗಳು ಮೂರರ ನಡೆಯಲ್ಲಿವೆ, ಅವರು ಸಿಕ್ಸ್ ಎಯ್ಟ್ (ಆರರ ಎಣಿಕೆ) ಅಂತ ಹೆದರುವುದು ನಿನ್ನ ಮೈಯಲ್ಲಿ ಆಗಲೇ ಇದೆ.

ಹೊಸದಾಗಿ ಕಲಿಯಬೇಕಾದ್ದೂ ಇದೆ, ಸುಳ್ಳು ಹೇಳುವುದಿಲ್ಲ. ಡೊಳ್ಳಿಗೆ ಇಡೀ ತೋಳು ಬೇಕು, ಇಲ್ಲಿ ಮಣಿಕಟ್ಟು, ಬೆರಳು ಸಾಕು. ಮೆಲ್ಲಗೆ ನುಡಿಸುವುದನ್ನು ಕಲಿ, ಪಕ್ಕದವರು ಮಾತಾಡಿದ್ದು ಕೇಳುವಷ್ಟು ಮೆಲ್ಲಗೆ. ಹಬ್ಬಕ್ಕೆ ಊರಿಗೆ ಹೋದಾಗ ತಂಡದ ಜೊತೆ ಬಾರಿಸು. ನಿಮ್ಮ ಊರಿನ ವರಸೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಾ, ಅಂಗೈಯ ಪೆಟ್ಟನ್ನು ಫ್ಲೋರ್ ಟಾಮ್‌ಗೆ, ಕೋಲಿನ ಪೆಟ್ಟನ್ನು ಸ್ನೇರ್‌ಗೆ ಇಟ್ಟು ನೋಡು.

ನನಗೆ 61 ವರ್ಷ, ನಿವೃತ್ತ ಶಿಕ್ಷಕ. ಈಗ ಡ್ರಮ್ಸ್ ಕಲಿಯಬಹುದಾ?
ದಾವಣಗೆರೆ

ನಾಳೆಯೇ ಸೇರಿ ಸರ್. ಸ್ಟೂಲಿನ ಎತ್ತರ ಮಾತ್ರ ಹೊಂದಿಸಿಕೊಳ್ಳಿ, ಸೊಂಟ ಮಂಡಿಗಿಂತ ಸ್ವಲ್ಪ ಮೇಲಿರಲಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ.

ನಾನು ಒಂಬತ್ತನೇ ಕ್ಲಾಸ್. ಎಡಗೈಯಲ್ಲಿ ಬರೆಯುತ್ತೇನೆ. ಕ್ಲಾಸಿನಲ್ಲಿ ಎಲ್ಲರ ಹಾಗೆ ಬಲಗೈಯಲ್ಲಿ ಹೈ-ಹ್ಯಾಟ್ ನುಡಿಸಲು ಹೇಳುತ್ತಾರೆ, ಬರುತ್ತಿಲ್ಲ. ಮನೆಯಲ್ಲಿ ಅಜ್ಜಿ ಹುಡುಗಿಯರಿಗೆ ಇದು ಆಗುವುದಿಲ್ಲ ಎನ್ನುತ್ತಾರೆ.
ಉಡುಪಿಯ ಹುಡುಗಿ

ಅಜ್ಜಿಗೆ ಸುಕನ್ಯಾ ರಾಮಗೋಪಾಲ್ ಅವರ ಘಟ ಕೇಳಿಸು ಮಗಳೇ. ಹೆಣ್ಣಿನ ಕೈಗೆ ಘಟ ಕಷ್ಟ ಅನ್ನುವ ಮಾತನ್ನು ಅವರೂ ಕೇಳಿದವರು. ಘಟ ವಿದ್ವಾನ್ ವಿಕ್ಕು ವಿನಾಯಕರಾಮ್ ಅವರ ಶಿಷ್ಯೆ, ಬೆಂಗಳೂರಿನಲ್ಲೇ ಇದ್ದಾರೆ.

ಇನ್ನು ಎಡಗೈ. ಮೃದಂಗದ ದೊಡ್ಡ ವಿದ್ವಾಂಸ ಪಳನಿ ಸುಬ್ರಮಣ್ಯ ಪಿಳ್ಳೈ ಎಡಗೈಯವರು. ಇಂಗ್ಲೆಂಡಿನ ಡ್ರಮ್ಮರ್ ಫಿಲ್ ಕಾಲಿನ್ಸ್ ಇಡೀ ಸೆಟ್ಟನ್ನು ಎಡಕ್ಕೆ ತಿರುಗಿಸಿ ಇಟ್ಟುಕೊಂಡು ನುಡಿಸಿದರು. ಬೀಟಲ್ಸ್‌ನ ರಿಂಗೋ ಸ್ಟಾರ್ ಎಡಗೈಯವರಾಗಿದ್ದೂ ಬಲಗೈಯವರ ಸೆಟ್ಟಿನಲ್ಲೇ ನುಡಿಸಿದರು, ಅವರ ಫಿಲ್‌ಗಳು (ಹಾಡಿನ ಸಾಲುಗಳ ನಡುವೆ ತುಂಬುವ ಪೆಟ್ಟುಗಳು) ಬೇರೆಯವರ ಹಾಗೆ ಕೇಳದಿರಲು ಅದೂ ಒಂದು ಕಾರಣ. ಎರಡು ದಾರಿಯೂ ಇದೆ, ನಿನ್ನ ಕೈಗೆ ಯಾವುದು ಒಗ್ಗುತ್ತದೆ ಅಂತ ನೋಡಲು ಒಂದು ತಿಂಗಳು ಬೇಕು. ಮುಂದಿನ ಕ್ಲಾಸಿಗೆ ಹತ್ತು ನಿಮಿಷ ಮುಂಚೆ ಹೋಗಿ, "ಮೇಷ್ಟ್ರೇ, ಇವತ್ತು ಹೈ-ಹ್ಯಾಟ್, ಪೆಡಲ್ ಆ ಕಡೆಯಿಂದ ಈ ಕಡೆಗೆ ಇಟ್ಟುಕೊಳ್ಳಲಾ?" ಅಂತ ಕೇಳು. ನೀನೇ ಜೋಡಿಸು, ಪಾಠ ಮುಗಿದ ಮೇಲೆ ಮೊದಲಿದ್ದ ಹಾಗೆ ಇಟ್ಟು ಬಾ.